ಕೂನ್ ಕಣಿವೆಯ ಹಳ್ಳದಲ್ಲಿ ಒಂದು ಶನಿವಾರ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ ಕೂನ್ ಕ್ರೀಕ್ ಎಂಬ ಹೊಳೆಯಿದೆ. ಅದಕ್ಕೆ ಸೇರುವ ಹಳ್ಳಗಳ ದರೆಯನ್ನು, ಅಂದರೆ ಕಡಿದಾದ ದಂಡೆಯನ್ನು, ಗಮನವಿಟ್ಟು ನೋಡಿದರೆ ನೀರಿನಿಂದ ಮೊಣಕಾಲೆತ್ತರದಲ್ಲಿ ಒಂದು ಕಪ್ಪು ಪಟ್ಟೆ ಕಾಣುತ್ತದೆ. ಅದರ ಮೇಲೆ ಆಳೆತ್ತರಕ್ಕೆ ಕಂದು ಮಣ್ಣು. ಕಪ್ಪು ಪಟ್ಟೆ ಈ ಕಣಿವೆಯ ಹಳೆಯ ನೆಲ, ಹುಲ್ಲು ಬೆಳೆದು ಕೊಳೆತು ಶತಮಾನಗಳ ಕಾಲ ಆಗಿದ್ದ ಮಣ್ಣು. ಮೇಲಿನ ಕಂದು ಮಣ್ಣೆಲ್ಲ ಗುಡ್ಡದ ಹೊಲಗಳಿಂದ ತೊಳೆದು ಬಂದದ್ದು. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಯುರೋಪಿನಿಂದ ಬಂದವರು ಇಲ್ಲಿನ ಕಡಿದಾದ ಇಳಿಜಾರುಗಳನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಉತ್ತರು, ಉಳಿದ ಕಾಡಿಗೆ ದನ ಬಿಟ್ಟರು. ಎಂಬತ್ತು ವರ್ಷಗಳಲ್ಲಿ ಗುಡ್ಡದ ಮೇಲ್ಮಣ್ಣು ಕಣಿವೆಗೆ ಇಳಿದು ಕೂತಿತು. ಅದರಡಿಯಲ್ಲಿ ಹೂತುಹೋದ ಕಲ್ಲುಹರಳಿನ ತಳವೇ ಬ್ರೂಕ್ ಟ್ರೌಟ್ ಎಂಬ ತಣ್ಣೀರಿನ ಮೀನು ಮೊಟ್ಟೆಯಿಡುವ ಜಾಗ.

ನಾನು ಅಲ್ಲಿಗೆ ಹೋದದ್ದು ಹಳ್ಳ ದುರಸ್ತಿಯ ಸ್ವಯಂಸೇವಕರ ಜೊತೆ, ಬೇಸಿಗೆಯ ಒಂದು ಶನಿವಾರ. ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಮನೆ ಮಾಡಿದಾಗಿನಿಂದ ಹತ್ತಿರದ ಬ್ಲ್ಯಾಕ್ ಅರ್ತ್ ಕ್ರೀಕ್ ದಂಡೆಯಲ್ಲಿ ಓಡಾಡುವುದು ಅಭ್ಯಾಸ. ಅಲ್ಲಿ 2013ರಲ್ಲಿ, ಹೊಕ್ಕ ಹಳ್ಳವನ್ನೆಲ್ಲ ಮುತ್ತಿಬಿಡುವ ನ್ಯೂಜಿಲೆಂಡಿನ ಪುಟ್ಟ ಕೆಸರು ಬಸವನಹುಳು ಸಿಕ್ಕಿದ್ದರಿಂದ, ಅಲ್ಲಿ ತೊಟ್ಟ ಬೂಟನ್ನು ಬೇರೆ ಹಳ್ಳಕ್ಕೆ ಹಾಗೇ ಇಳಿಸುವಂತಿಲ್ಲ. ಬೆಳಗ್ಗೆ ಕೂನ್ ಕಣಿವೆ ತಲುಪಿದ ಕೂಡಲೇ ಮೊದಲ ಕೆಲಸ ಎಲ್ಲರ ಬೂಟು ಉಜ್ಜಿ, ಔಷಧಿ ನೀರಿನಲ್ಲಿ ನೆನೆಸುವುದು. ಅಕ್ಕಿಕಾಳಿಗಿಂತ ಚಿಕ್ಕ ಹುಳು ಒಂದು ಬೂಟಿನ ಗಾಡಿಯಲ್ಲಿ ಕೂತು ಇನ್ನೊಂದು ಕಣಿವೆ ಸೇರಿಬಿಡುತ್ತದೆ. ಇದನ್ನು ಯಾರೂ ಬೇಸರದಿಂದ ಮಾಡುವುದಿಲ್ಲ ಎನ್ನುವುದು ನನಗೆ ಹಿಡಿಸಿತು.

ಈ ಸೀಮೆಗೆ ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ. ಕಳೆದ ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಉಜ್ಜಿ ಮಟ್ಟ ಮಾಡಿದ ಹಿಮನದಿಗಳು ಇಲ್ಲಿಗೆ ಬರಲಿಲ್ಲ. ಹಾಗಾಗಿ ವಿಸ್ಕಾನ್ಸಿನ್, ಮಿನೆಸೋಟ, ಅಯೋವ, ಇಲಿನಾಯ್ ನಾಲ್ಕು ರಾಜ್ಯಗಳು ಕೂಡುವ ಈ ಭಾಗದಲ್ಲಿ ಗುಡ್ಡ, ಕಂದರ, ಸುಣ್ಣಕಲ್ಲಿನ ಬಂಡೆ ಹಾಗೇ ಉಳಿದವು. ಮಳೆ ನೀರು ಬಂಡೆಯ ಬಿರುಕಿನಲ್ಲಿ ಇಳಿದು, ನೆಲದೊಳಗೆ ಸುತ್ತಿ, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಅದರ ಉಷ್ಣಾಂಶ ವರ್ಷವಿಡೀ ಹೆಚ್ಚುಕಡಿಮೆ 9ರಿಂದ 10 ಡಿಗ್ರಿ ಸೆಲ್ಸಿಯಸ್. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೂ ಒರತೆ ಹೆಪ್ಪುಗಟ್ಟುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಅದಕ್ಕೆ ಕಾಲಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಪಾದ ನೋಯುತ್ತದೆ. ಬ್ರೂಕ್ ಟ್ರೌಟ್ ಬದುಕಿರುವುದೇ ಈ ತಣ್ಣೀರಿನಿಂದ. ನೀರು 20 ಡಿಗ್ರಿ ದಾಟಿತೆಂದರೆ ಅದಕ್ಕೆ ಸಂಕಟ ಶುರು.

ನಮ್ಮ ಪಾಲಿಗೆ ಬಂದಿದ್ದು ಹಳ್ಳದ ಕೆಳಭಾಗದ ಒಂದು ತಿರುವು. ಅಲ್ಲಿ ನೀರು ಹರಡಿ ಅಗಲವಾಗಿ, ತೆಳ್ಳಗೆ, ಹೂಳಿನ ಮೇಲೆ ಹರಿಯುತ್ತಿತ್ತು. ಅಗಲವಾದಷ್ಟೂ ಬಿಸಿಲು ತಾಗುತ್ತದೆ, ತೆಳ್ಳಗಾದಷ್ಟೂ ಬೇಗ ಕಾಯುತ್ತದೆ, ವೇಗ ಕಳೆದುಕೊಂಡಷ್ಟೂ ಹೂಳು ಕೂರುತ್ತದೆ. ದರೆ ಎತ್ತರವಾಗಿರುವುದರಿಂದ ನೆರೆ ಬಂದರೂ ನೀರು ಮೇಲೆ ಹತ್ತಿ ಹರಡುವಂತಿಲ್ಲ. ಅದರ ಕಸುವೆಲ್ಲ ಹಳ್ಳದ ಒಳಗೇ ಸುತ್ತಿ ದರೆಯ ಬುಡವನ್ನು ಕೊರೆಯುತ್ತದೆ, ಇನ್ನಷ್ಟು ಮಣ್ಣು ಬೀಳುತ್ತದೆ. ಆದ್ದರಿಂದ ಮೊದಲು ಯಂತ್ರ ತಂದು ದರೆ ಕಡಿದು ಹಿಂದಕ್ಕೆ ಸರಿಸಿ, ದನವೂ ಆರಾಮಾಗಿ ಇಳಿಯುವಷ್ಟು ಇಳಿಜಾರು ಮಾಡುತ್ತಾರೆ. ಇನ್ನು ನೆರೆ ಬಂದರೆ ನೀರು ಹುಲ್ಲಿನ ಮೇಲೆ ಹರಡಿ, ಬಿರುಸು ಬಿಟ್ಟು, ಮೆಲ್ಲಗೆ ಇಳಿಯುತ್ತದೆ. ನಂತರ ಎರಡೂ ಬದಿಯಿಂದ ಕಲ್ಲು ಪೇರಿಸಿ ಹರಿವನ್ನು ಕಿರಿದು ಮಾಡುತ್ತಾರೆ. ಕಿರಿದಾದ ನೀರು ತಾನೇ ಓಡತೊಡಗಿ ಹೂಳನ್ನು ಎಬ್ಬಿಸಿ ಒಯ್ಯುತ್ತದೆ.

ನಮ್ಮ ಕೈಕೆಲಸ ಲಂಕರ್ ಕಟ್ಟುವುದು. ಇದು ವಿಸ್ಕಾನ್ಸಿನ್ನಿನವರೇ ಕಂಡುಕೊಂಡ ಉಪಾಯ. ಎಂಟು ಅಡಿ ಉದ್ದದ ಹಸಿ ಓಕ್ ಹಲಗೆಗಳು ಕೆಳಗೊಂದು ಸಾಲು, ಮೇಲೊಂದು ಸಾಲು, ನಡುವೆ ದಪ್ಪ ಮರದ ತುಂಡುಗಳು. ಒಟ್ಟಿನಲ್ಲಿ ಮುಂಭಾಗ ತೆರೆದ ಒಂದು ಮರದ ಪೆಟ್ಟಿಗೆ. ಹಸಿ ಓಕ್ ಎಷ್ಟು ಭಾರ ಎಂದರೆ ಒಂದು ಪೆಟ್ಟಿಗೆಯನ್ನು ನೀರಿಗೆ ಇಳಿಸಲು ಯಂತ್ರವೇ ಬೇಕು. ತಿರುವಿನ ಹೊರಬದಿಯಲ್ಲಿ, ನೀರಿನ ಸೆಳೆತ ಹೆಚ್ಚಿರುವ ಕಡೆ, ಅದನ್ನು ತಳದಲ್ಲಿ ಮಟ್ಟವಾಗಿ ಕೂರಿಸಿ, ಮೊದಲೇ ಕೊರೆದ ತೂತುಗಳಲ್ಲಿ ಕಬ್ಬಿಣದ ಸರಳು ತೂರಿಸಿ ತಳಕ್ಕೆ ಬಡಿಯಬೇಕು. ನಾನು ವೇಡರ್ಸ್ ಎಂಬ, ನೀರು ಒಳಬಿಡದ ಎದೆಮಟ್ಟದ ಉಡುಪು ತೊಟ್ಟು ನೀರಲ್ಲಿ ನಿಂತು ಸರಳು ಹಿಡಿದವನು. ಸುತ್ತಿಗೆಯ ಪ್ರತಿ ಏಟಿಗೂ ಸರಳು ಹೂಳಿನಲ್ಲಿ ಸರಕ್ಕನೆ ಇಳಿಯುತ್ತದೆ. ಎಲ್ಲೋ ಒಂದು ಕಡೆ ಠಣ್ ಎಂದು ಕೈ ಜುಮ್ಮೆನ್ನುತ್ತದೆ. ಅದು ಹಳೆಯ ಕಲ್ಲುಹರಳಿನ ತಳ. ಕಣ್ಣಿಗೆ ಕಾಣದ ಆ ನೆಲವನ್ನು ನಾನು ಮೊದಲು ಮುಟ್ಟಿದ್ದು ಹೀಗೆ, ಸರಳಿನ ತುದಿಯಿಂದ. ಪೆಟ್ಟಿಗೆಯ ಮೇಲೆ ಬಂಡೆ, ಬಂಡೆಯ ಮೇಲೆ ಮಣ್ಣು, ಮಣ್ಣಿಗೆ ಹುಲ್ಲಿನ ಬೀಜ, ಬೀಜಕ್ಕೆ ಒಣಹುಲ್ಲಿನ ಹೊದಿಕೆ. ಕೆಲವು ತಿಂಗಳಾದರೆ ಅಲ್ಲಿ ಮರದ ಕೆಲಸ ನಡೆದದ್ದೇ ತಿಳಿಯುವುದಿಲ್ಲ. ದರೆಯ ಅಡಿಯಲ್ಲಿ ಮೀನಿಗೆ ನೆರಳಿನ ಗುಹೆ ಮಾತ್ರ ಇರುತ್ತದೆ.

ಊಟದ ಹೊತ್ತಿಗೆ ಜಮೀನಿನ ಒಡತಿ ಬಂದು ನಮ್ಮ ಜೊತೆ ಕೂತರು. ಎಪ್ಪತ್ತರ ಆಸುಪಾಸಿನವರು. ಸರ್ಕಾರ ಇಲ್ಲಿ ರೈತರಿಂದ ಹಳ್ಳದ ದಂಡೆಯ 66 ಅಡಿ ಅಗಲದ ಪಟ್ಟಿಗೆ ಶಾಶ್ವತ ಹಕ್ಕು ಕೊಳ್ಳುತ್ತದೆ. ಜಮೀನು ರೈತರದೇ, ಆದರೆ ದಂಡೆಯಲ್ಲಿ ಸಾರ್ವಜನಿಕರು ನಡೆಯಬಹುದು, ದುರಸ್ತಿ ಮಾಡಬಹುದು. ಇವರು ತಮ್ಮ ದಂಡೆಯನ್ನು ಹಾಗೆ ಕೊಟ್ಟವರು. ಅವರ ಅಜ್ಜ 1930ರ ದಶಕದಲ್ಲಿ ಮಣ್ಣು ಉಳಿಸುವ ಒಪ್ಪಂದಕ್ಕೆ ಸಹಿ ಹಾಕಿದ ರೈತರಲ್ಲಿ ಒಬ್ಬರಂತೆ. ಇಡೀ ಅಮೆರಿಕದಲ್ಲಿ ಒಂದು ಜಲಾನಯನವನ್ನು ಪೂರ್ತಿಯಾಗಿ ಹಿಡಿದು ಮಣ್ಣು ಉಳಿಸುವ ಮೊದಲ ಪ್ರಯೋಗ ನಡೆದದ್ದು ಈ ಕೂನ್ ಕಣಿವೆಯಲ್ಲೇ, 1933ರಲ್ಲಿ. ಹ್ಯೂ ಹ್ಯಾಮಂಡ್ ಬೆನೆಟ್ ಮುಖ್ಯಸ್ಥರಾಗಿದ್ದ, ಮಣ್ಣಿನ ಸವಕಳಿ ತಡೆಯುವ ಸರ್ಕಾರಿ ಇಲಾಖೆ ಅದನ್ನು ನಡೆಸಿತು. ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್ ಸಲಹೆಗಾರರಾಗಿದ್ದರು. ಆರ್ಥಿಕ ಕುಸಿತದಿಂದ ಕೆಲಸವಿಲ್ಲದೆ ಕೂತಿದ್ದ ಯುವಕರು ಶಿಬಿರ ಹೂಡಿ ಬೇಲಿ ಹಾಕಿದರು, ಕೊರಕಲು ಮುಚ್ಚಿದರು, ಗಿಡ ನೆಟ್ಟರು. ಸರ್ಕಾರ ತಂತಿ, ಸುಣ್ಣ, ಬೀಜ ಕೊಟ್ಟಿತು. ರೈತರು ಇಳಿಜಾರಿಗೆ ಅಡ್ಡಲಾಗಿ ಉಳಲು, ಕಡಿದಾದ ಕಾಡಿಗೆ ದನ ಬಿಡದಿರಲು ಒಪ್ಪಿದರು. ನಾನೂರಕ್ಕೂ ಹೆಚ್ಚು ರೈತರು ಸಹಿ ಹಾಕಿದ್ದರು. ಇಂದಿಗೂ ಎದುರಿನ ಗುಡ್ಡದಲ್ಲಿ ಮೆಕ್ಕೆಜೋಳ ಒಂದು ಪಟ್ಟಿ, ಕುದುರೆಮೆಂತೆ ಒಂದು ಪಟ್ಟಿ, ಬಾಗಿ ಬಳುಕಿ ಸಾಗುವುದು ಅದರ ಗುರುತು.

"2018ರ ಆಗಸ್ಟಿನ ಆ ರಾತ್ರಿ ನೀವು ಇಲ್ಲಿ ಇರಬೇಕಿತ್ತು" ಎಂದರು ಒಡತಿ. ಒಂದೇ ರಾತ್ರಿಯ ಮಳೆಗೆ ಇಲ್ಲೂ ಪಕ್ಕದ ಕಣಿವೆಯಲ್ಲೂ ಸೇರಿ ಐದು ನೆರೆತಡೆ ಅಣೆಕಟ್ಟುಗಳು ಒಡೆದಿದ್ದವು. ಅವರ ಕೊಟ್ಟಿಗೆಯ ಕಿಟಕಿವರೆಗೆ ನೀರು ಬಂದಿತ್ತಂತೆ. ಬೆಳಗಾದ ಮೇಲೆ ನೋಡಿದರೆ ಇಳಿಜಾರು ಮಾಡಿ ಹುಲ್ಲು ಹಿಡಿಸಿದ್ದ ದಂಡೆ ಹೆಚ್ಚುಕಡಿಮೆ ಹಾಗೇ ನಿಂತಿತ್ತು, ನೆಟ್ಟಗಿದ್ದ ಹಳೆಯ ದರೆ ಹೊಲದೊಳಗೆ ಸರಿದಿತ್ತು. "ಆವತ್ತೇ ಉಳಿದ ದಂಡೆಯನ್ನೂ ಕೊಟ್ಟುಬಿಡುವುದೆಂದು ನಿರ್ಧರಿಸಿದೆ" ಎಂದರು.

ಮಧ್ಯಾಹ್ನದ ನಂತರ ಮೇಲ್ಭಾಗದಲ್ಲಿ ಮೀನಿನ ಸಮೀಕ್ಷೆ. ಮೀನುಗಾರಿಕೆ ಇಲಾಖೆಯ ತಜ್ಞರೊಬ್ಬರು ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು, ತುದಿಯಲ್ಲಿ ಲೋಹದ ಬಳೆಯಿರುವ ಕೋಲನ್ನು ನೀರಿನಲ್ಲಿ ಆಡಿಸುತ್ತ ಮೇಲಕ್ಕೆ ನಡೆಯುತ್ತಾರೆ. ಕೋಲಿನ ಹತ್ತಿರದ ಮೀನು ಕ್ಷಣಕಾಲ ಮಂಕಾಗಿ ತೇಲುತ್ತದೆ. ಹಿಂದಿರುವವರು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಬೇಕು. ಕೆಳಗಿನ ಗುಂಡಿಗಳಲ್ಲಿ ಸಿಕ್ಕಿದ್ದೆಲ್ಲ ಬ್ರೌನ್ ಟ್ರೌಟ್. ಮೇಲೆ ಹೋದಂತೆ, ಒರತೆಗಳು ಹತ್ತಿರವಾದಂತೆ, ಬ್ರೂಕ್ ಟ್ರೌಟ್ ಬರತೊಡಗಿದವು.

ಅಳತೆ ಹಿಡಿಯಲು ನನಗೆ ಹೇಳಿದರು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣಗೈ ತಾಗಿದರೆ ಮೈಯ ಲೋಳೆ ಕಿತ್ತುಬರುತ್ತದೆ. ಅಂಗೈಗಿಂತ ಸ್ವಲ್ಪ ಉದ್ದದ ಮೀನು. ಬೆನ್ನು ಕಡು ಹಸಿರು, ಅದರ ಮೇಲೆ ಹುಳು ಹರಿದಂಥ ತಿಳಿಬಣ್ಣದ ಗೆರೆಗಳು. ಪಕ್ಕದಲ್ಲಿ ಸಣ್ಣ ಕೆಂಪು ಚುಕ್ಕೆ, ಪ್ರತಿ ಚುಕ್ಕೆಗೂ ನೀಲಿ ಉಂಗುರ. ಹೊಟ್ಟೆಯಡಿಯ ರೆಕ್ಕೆಗಳು ಕಿತ್ತಳೆ ಬಣ್ಣ, ಅವುಗಳ ಮುಂದಿನ ಅಂಚು ಅಚ್ಚ ಬಿಳಿ, ಬಿಳಿಯ ಒಳಗೆ ಒಂದು ಕಪ್ಪು ಗೀಟು. ಈ ರಾಜ್ಯದ ಹಳ್ಳಗಳಿಗೆ ಮೂಲದಿಂದಲೂ ಸೇರಿದ ಟ್ರೌಟ್ ಇದೊಂದೇ. ಬ್ರೌನ್ ಟ್ರೌಟ್ 1883ರಲ್ಲಿ ಜರ್ಮನಿಯಿಂದ ಮೊಟ್ಟೆಯ ರೂಪದಲ್ಲಿ ಹಡಗೇರಿ ಅಮೆರಿಕಕ್ಕೆ ಬಂತು. ರೇನ್‌ಬೋ ಟ್ರೌಟ್ ಪಶ್ಚಿಮ ಕರಾವಳಿಯಿಂದ ಬಂತು. ಕೆಟ್ಟುಹೋಗಿದ್ದ ಬೆಚ್ಚನೆಯ ಹಳ್ಳಗಳಲ್ಲಿ ಬ್ರೌನ್ ತಾಳಿಕೊಂಡಿತು, ದೊಡ್ಡದಾಗಿ ಬೆಳೆಯಿತು, ಒಳ್ಳೆಯ ಜಾಗ ಹಿಡಿಯಿತು. ಬ್ರೂಕ್ ಟ್ರೌಟ್ ಒರತೆಯ ಬಾಯಿಗೆ ಸರಿಯಿತು.

ಇಲ್ಲಿ ಸ್ವಯಂಸೇವಕರ ನಡುವೆಯೇ ಒಂದು ವಾದವಿದೆ. ಲಂಕರ್‌ನ ಆಳದ ನೆರಳು ದೊಡ್ಡ ಮೀನಿಗೆ ಹೆಚ್ಚು ಅನುಕೂಲ. ಅಂದರೆ ಬ್ರೌನ್‌ಗೆ. ದುರಸ್ತಿಯ ಹಣದ ಒಂದು ಪಾಲು ಗಾಳ ಹಾಕುವವರು ಕೊಳ್ಳುವ ಟ್ರೌಟ್ ಸ್ಟ್ಯಾಂಪ್ ಎಂಬ ಪರವಾನಗಿ ಚೀಟಿಯಿಂದ ಬರುವುದರಿಂದ, ದೊಡ್ಡ ಮೀನು ಬೇಕೆನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟ. ಕೆಳಗಿನ ತಿರುವುಗಳಲ್ಲಿ ಲಂಕರ್ ಇರಲಿ. ಒರತೆಗೆ ಹತ್ತಿರದ ಮೇಲಿನ ಹಳ್ಳಗಳನ್ನು ಮಾತ್ರ ಬ್ರೂಕ್ ಟ್ರೌಟ್‌ಗೆ ಬೇಕಾದ ಹಾಗೆ ಕಿರಿದಾಗಿ, ಬಿದ್ದ ಮರ, ಬಾಗಿದ ಹುಲ್ಲು, ಶುದ್ಧ ಹರಳಿನ ತಳ ಇಟ್ಟು ಕಾಪಾಡಬೇಕು. ಅಕ್ಟೋಬರ್ ಹೊತ್ತಿಗೆ ಹೆಣ್ಣು ಮೀನು ಬಾಲದಿಂದ ಹರಳು ಕೆದರಿ ಮೊಟ್ಟೆಯಿಟ್ಟು ಮುಚ್ಚುತ್ತದೆ, ಅದೂ ತಳದಿಂದ ಒರತೆ ನೀರು ಉಕ್ಕುವ ಕಡೆ ಹುಡುಕಿ. ಚಳಿಗಾಲವಿಡೀ ಮೊಟ್ಟೆ ಹರಳಿನ ಸಂದಿಯಲ್ಲೇ ಇರಬೇಕು. ಸಂದಿಗೆ ಹೂಳು ಕೂತರೆ ಉಸಿರು ಕಟ್ಟಿತು. ಬ್ರೌನ್‌ಗೆ ಬದುಕಲು ಬೇರೆ ನೀರಿದೆ, ಇದಕ್ಕೆ ಇಲ್ಲ.

ಆ ಸಂಜೆ ಊರಿಗೆ ಫೋನ್ ಮಾಡಿದೆ. ಕೊಪ್ಪದ ಹತ್ತಿರ ನಮ್ಮ ತೋಟ, ಅಲ್ಲಿ ಆಗಲೇ ಭಾನುವಾರ ಬೆಳಗ್ಗೆ. ನೀರಿನೊಳಗೆ ಮರದ ಪೆಟ್ಟಿಗೆ ಹೂತ ಕತೆ ಹೇಳಿ, "ಅದು ಲಡ್ಡು ಹಿಡಿದು ಕೊಳೆಯೋದಿಲ್ಲವಂತೆ ಅಪ್ಪಯ್ಯ" ಎಂದೆ.

"ಪೂರ್ತಿ ಮುಳುಗಿದ್ರೆ ಎಂತದೂ ಆಗೋದಿಲ್ಲ. ನಮ್ಮ ಬಾವಿ ತಳಕ್ಕೆ ನಿನ್ನ ಅಜ್ಜಯ್ಯ ಹಾಕಿಸಿದ ನೆಲ್ಲಿ ಹಲಗೆ ಇನ್ನೂ ಗಟ್ಟಿ ಇಲ್ವಾ? ನೀರಿಳಿದು ಗಾಳಿ ತಾಗಿದ್ರೆ ಮಾತ್ರ ಹೋಯ್ತು ಅಂತ ಲೆಕ್ಕ." ಆಮೇಲೆ ಕೇಳಿದರು, "ಹಳ್ಳ ಸರಿ ಮಾಡಿದ್ರಿ, ಮೇಲಿನ ಗುಡ್ಡ ಯಾರು ನೋಡ್ಕಳ್ತಾರೆ ಮಾರಾಯ?"

ಮೇಲಿನ ಗುಡ್ಡವೇ ನಿಜವಾದ ಪ್ರಶ್ನೆ. 1930ರ ದಶಕದ ಪಟ್ಟಿ ಬೇಸಾಯದಿಂದ ಮಳೆ ನೀರು ಹರಿದುಹೋಗುವ ಬದಲು ಇಂಗತೊಡಗಿತು. ಬೇಸಿಗೆಯಲ್ಲೂ ಈ ಹಳ್ಳಗಳ ಹರಿವು ಹೆಚ್ಚಿತು. ಇಲ್ಲಿ ಟ್ರೌಟ್ ಮರಳಿದ್ದರ ಹಿಂದೆ ಅತಿ ದೊಡ್ಡ ಕಾರಣ ಅದು. ಈಗ ಸಣ್ಣ ಡೈರಿಗಳು ಮುಚ್ಚುತ್ತಿವೆ. ಹಸು ಇಲ್ಲದ ಮೇಲೆ ಮೇವಿನ ಪಟ್ಟಿ ಯಾರಿಗೆ ಬೇಕು? ಅಲ್ಲೂ ಮೆಕ್ಕೆಜೋಳ, ಸೋಯಾ ಬರುತ್ತಿವೆ. ದೊಡ್ಡ ಯಂತ್ರ ತಿರುಗಿಸಲು ಬಾಗಿದ ಪಟ್ಟಿ ತೊಡಕು, ಅದಕ್ಕಾಗಿ ಪಟ್ಟಿಗಳನ್ನೇ ಅಳಿಸುತ್ತಿದ್ದಾರೆ. ನಾವು ಎಷ್ಟು ಪೆಟ್ಟಿಗೆ ಹೂತರೂ ಒರತೆ ಸೊರಗಿದರೆ ಮೀನು ಇರುವುದಿಲ್ಲ. ಹಳ್ಳಕ್ಕೆ ಕೊಡುವ ಹಣದ ಜೊತೆಗೆ ಹುಲ್ಲುಗಾವಲು ಉಳಿಸಿಕೊಂಡ ರೈತರಿಗೂ ಹಣ ಹೋಗಬೇಕು ಎಂದು ಕೇಳಲು ಈ ಹಳ್ಳಕ್ಕೆ ಇಳಿದ ಪ್ರತಿಯೊಬ್ಬರಿಗೂ ಹಕ್ಕಿದೆ ಎಂದುಕೊಂಡಿದ್ದೇನೆ.

ಸಮೀಕ್ಷೆ ನಿಂತದ್ದು ರಸ್ತೆಯಡಿಯ ಒಂದು ಕೊಳವೆ ಮೋರಿಯ ಬಳಿ. ನೀರು ಅದರ ಬಾಯಿಂದ ಮಂಡಿಯೆತ್ತರಕ್ಕೆ ಧುಮುಕುತ್ತದೆ, ಮೀನು ಹತ್ತಲಾರದು. ಅದನ್ನು ಕಿತ್ತು ಅಗಲವಾದ ಮೋರಿ ಹಾಕಬೇಕೆಂದು ಹಿರಿಯ ಸ್ವಯಂಸೇವಕರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ಮೀನಿಗೆ ಮೇಲಿನ ಒರತೆಗಳ ದಾರಿ ತೆರೆದೀತು, ಮುಂದಿನ ನೆರೆಗೆ ರಸ್ತೆಯೂ ಉಳಿದೀತು. ಆದರೆ ಆ ಧುಮುಕು ಬ್ರೌನ್ ಟ್ರೌಟನ್ನೂ ತಡೆದಿದೆ. ಮೋರಿಯ ಮೇಲೆ ಬರೀ ಬ್ರೂಕ್ ಟ್ರೌಟ್ ಇದ್ದರೆ, ಕೊಳವೆ ಕೀಳುವುದೆಂದರೆ ಬ್ರೌನ್‌ಗೆ ಬಾಗಿಲು ತೆರೆದಂತೆ. ಹಾಗೇ ಬಿಟ್ಟರೆ ಮೇಲಿನ ಮೀನುಗಳು ತುಂಡು ಹಳ್ಳದಲ್ಲಿ ಒಂಟಿಯಾಗಿ ಉಳಿದು, ಒಂದು ಕೆಟ್ಟ ಬೇಸಿಗೆ ಬಂದರೆ ಮತ್ತೆ ತುಂಬಿಕೊಳ್ಳಲು ಕೆಳಗಿನಿಂದ ಯಾವ ಮೀನೂ ಬರಲಾರದು. ಸದ್ಯಕ್ಕೆ ಕೊಳವೆ ಇರಲಿ ಎನ್ನುವ ಕಡೆ ನಾನಿದ್ದೇನೆ, ಹಿರಿಯರು ಒಪ್ಪಲಿಲ್ಲ. ತಜ್ಞರು ಯಾರ ಪರವನ್ನೂ ವಹಿಸದೆ, ಮೊದಲು ಮೇಲೆ ಏನಿದೆ ಎಂದು ಎಣಿಸೋಣ ಎಂದರು. ಮೇಲಿನ ಜಮೀನಿನವರು ಒಪ್ಪಿಗೆ ಕೊಟ್ಟಿದ್ದಾರೆ. ಸೆಪ್ಟೆಂಬರಿನಲ್ಲಿ ಎಣಿಕೆ, ಬಲೆ ಹಿಡಿಯಲು ನಾನೂ ಹೆಸರು ಕೊಟ್ಟಿದ್ದೇನೆ.