ವಿನೆಗರ್ ಮಾಡುವ ಬ್ಯಾಕ್ಟೀರಿಯಾ ವಿನೆಗರ್‌ನಲ್ಲೇ ಯಾಕೆ ಸಾಯುವುದಿಲ್ಲ?

ವಿನೆಗರ್ ಮಾಡುವ ಬ್ಯಾಕ್ಟೀರಿಯಾಗಳ ಜೊತೆ ನನ್ನ ಕೆಲಸ ಅಂತ ಗೊತ್ತಾದ ತಕ್ಷಣ ಬರುವ ಪ್ರಶ್ನೆ ಒಂದೇ. ವಿನೆಗರ್ ಹಾಕಿದರೆ ಕ್ರಿಮಿ ಸಾಯುತ್ತವಲ್ಲ, ಮತ್ತೆ ಅದನ್ನು ಮಾಡುವ ಕ್ರಿಮಿ ಹೇಗೆ ಬದುಕುತ್ತೆ? ಪ್ರಶ್ನೆ ಒಳ್ಳೆಯದೇ. ನನಗೆ ರೇಗುವುದು ಅದರ ಬಾಲಕ್ಕೆ: "ಅಭ್ಯಾಸ ಆಗಿಬಿಟ್ಟಿರುತ್ತೆ, ಅಲ್ವಾ?"

ಒಮ್ಮೆ ಒಂದು ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಇದನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ "ದಪ್ಪ ಚರ್ಮ ಇರುತ್ತೆ ಬಿಡಿ" ಎಂದು ತಾವೇ ಉತ್ತರ ಕೊಟ್ಟುಕೊಂಡು ಎದ್ದು ಹೊರಟರು. ಸ್ವಾಮಿ, ಎರಡು ನಿಮಿಷ ನಿಂತಿದ್ದರೆ ಇದನ್ನೆಲ್ಲ ಹೇಳುತ್ತಿದ್ದೆ.

ವಿನೆಗರ್‌ಗೆ ಹುಳಿ ಕೊಡುವುದು ಅಸಿಟಿಕ್ ಆಮ್ಲ. ಹುಳಿ ದ್ರವದಲ್ಲಿ ಅದರ ಅಣುಗಳು ಬಹುಪಾಲು ಒಡೆಯದೆ ಇರುತ್ತವೆ. ಹಾಗಾಗಿ ಕೋಶದ ಪೊರೆಯನ್ನು ಸಲೀಸಾಗಿ ದಾಟಿಬಿಡುತ್ತವೆ. ಒಳಗೆ ಹುಳಿ ಕಡಿಮೆ. ಅಲ್ಲಿ ಅವು ಒಡೆದು ಹುಳಿಗೆ ಕಾರಣವಾದ ಪ್ರೋಟಾನ್ ಬಿಡುತ್ತವೆ, ಉಳಿದ ಭಾಗವಾದ ಅಸಿಟೇಟ್ ಗುಡ್ಡೆ ಬೀಳುತ್ತದೆ. ಆಮ್ಲ ಶೇ 0.5ರ ಆಸುಪಾಸಿನಲ್ಲಿದ್ದರೇ ಹೆಚ್ಚಿನ ಬ್ಯಾಕ್ಟೀರಿಯಾಗಳು ಕೈಚೆಲ್ಲುತ್ತವೆ. ಕೊಮಗಟೈಬ್ಯಾಕ್ಟರ್ ಯೂರೋಪಿಯಸ್ ಎಂಬ ವಿನೆಗರ್ ಬ್ಯಾಕ್ಟೀರಿಯಾ ಮಾತ್ರ ಶೇ 10 ದಾಟಿದರೂ ಕೆಲಸ ಮಾಡುತ್ತಿರುತ್ತದೆ.

ಹೇಗೆ? ಮೊದಲನೆಯದಾಗಿ, ಆಲ್ಕೊಹಾಲನ್ನು ಆಮ್ಲ ಮಾಡುವ ಎಂಜೈಮುಗಳು ಒಳಪೊರೆಯ ಹೊರಮುಖದಲ್ಲಿ ಕೂತಿರುತ್ತವೆ. ಆಮ್ಲ ಹುಟ್ಟುವುದೇ ಕೋಶದ ಒಡಲಿನಾಚೆ. ಆದರೂ ಒಂದಷ್ಟು ಒಳಗೆ ನುಸುಳುತ್ತದೆ. ಅದನ್ನು ಪೊರೆಯಲ್ಲಿರುವ ಪಂಪುಗಳು ಹೊರಗೆ ತಳ್ಳುತ್ತವೆ. ಉಳಿದದ್ದರಲ್ಲಿ ಒಂದು ಪಾಲನ್ನು ಕೋಶ ತನ್ನ ಆಹಾರ ಸುಡುವ ಸಿಟ್ರಿಕ್ ಆಮ್ಲ ಚಕ್ರಕ್ಕೆ ಹಾಕಿ ಸುಟ್ಟುಕೊಳ್ಳುತ್ತದೆ. ಕೆಟ್ಟ ಪ್ರೋಟೀನುಗಳನ್ನು ಗ್ರೋಇಎಲ್, ಡಿಎನ್‌ಎಕೆಯಂಥ ರಿಪೇರಿ ಪ್ರೋಟೀನುಗಳು ಸರಿ ಮಾಡುತ್ತಿರುತ್ತವೆ. ತೂತು ಬಿದ್ದ ದೋಣಿಯಿಂದ ನೀರು ಮೊಗೆದು ಹಾಕುತ್ತಲೇ ಇದ್ದ ಹಾಗೆ. ಕೈ ನಿಂತರೆ ಮುಳುಗಿತು.

ಅದಕ್ಕೇ ನನ್ನನ್ನು ಬೇರೆ ಪ್ರಶ್ನೆ ಕೇಳಿ ಅನ್ನುವುದು. ಇವು ಯಾವಾಗ ಸಾಯುತ್ತವೆ?

ಗಾಳಿ ನಿಂತಾಗ. ಮೊಗೆಯುವ ಶಕ್ತಿ ಬರುವುದು ಉಸಿರಾಟದಿಂದ. ದೊಡ್ಡ ಟ್ಯಾಂಕುಗಳಲ್ಲಿ ಕೆಳಗಿನಿಂದ ಗಾಳಿ ಊದುತ್ತಾ ವಿನೆಗರ್ ಮಾಡುವ ವಿಧಾನವನ್ನು 1949ರ ಸುಮಾರಿಗೆ ಹ್ರೊಮಾಟ್ಕಾ ಮತ್ತು ಎಬ್ನರ್ ಎಂಬ ಸಂಶೋಧಕರು ಬೆಳೆಸಿದರು. ಆಮ್ಲ ಜಾಸ್ತಿ ಇದ್ದಷ್ಟೂ ಗಾಳಿ ತಪ್ಪಿದಾಗಿನ ಪೆಟ್ಟು ಜೋರು ಎಂದು ತೋರಿಸಿದವರೂ ಅವರೇ. ಆಮ್ಲ ಏರಿದ ಟ್ಯಾಂಕಿನಲ್ಲಿ ಸೆಕೆಂಡುಗಳೇ ಸಾಕು. ಇದಕ್ಕೆ ಅಭ್ಯಾಸ ಅನ್ನುತ್ತೀರಾ?

ಅಲುಗಾಡದ ಪಾತ್ರೆಯಲ್ಲಿ ಇವು ಗಾಳಿಗಾಗಿ ತಾವೇ ಮೇಲೆ ಬರುತ್ತವೆ. ದ್ರವದ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಅಸಿಟೋಬ್ಯಾಕ್ಟರ್ ಪಾಶ್ಚೂರಿಯಾನಸ್ ಎಂಬ ಜಾತಿಯಲ್ಲಿ ಆ ಪದರದ ಅಂಟು ಆಮ್ಲ ಒಳಗೆ ನುಗ್ಗುವುದನ್ನೂ ತಡೆಯುತ್ತದೆ. ಪ್ಲೇಟಿನ ಮೇಲೆ ಬೆಳೆಸಿದರೆ ಇದನ್ನು ಕಣ್ಣಲ್ಲೇ ನೋಡಬಹುದು: ಪದರ ಕಟ್ಟುವ ತಳಿಯ ಕಾಲೊನಿ ಒರಟು, ಕಟ್ಟದ್ದು ನುಣುಪು. ಕುಲುಕುತ್ತಾ ಬೆಳೆಸಿದರೆ ನುಣುಪಿನವು ಹುಟ್ಟಿಕೊಳ್ಳುತ್ತವೆ. ಅವು ಆಮ್ಲ ತಡೆಯುವುದರಲ್ಲಿ ಹಿಂದೆ. ಈ ವ್ಯತ್ಯಾಸ ನನಗೆ ಇವತ್ತಿಗೂ ಬೆರಗು.

ಬಿಸಿಯ ಕಥೆ ಇನ್ನೂ ಚೆನ್ನಾಗಿದೆ. ಇವುಗಳಿಗೆ 30 ಡಿಗ್ರಿಯ ಆಸುಪಾಸು ಹಿತ. ಅದೇ ಪಾಶ್ಚೂರಿಯಾನಸ್ ಜಾತಿಯ ಒಂದು ತಳಿಯನ್ನು ಜಪಾನಿನ ಸಂಶೋಧಕರು 42 ಡಿಗ್ರಿಯಲ್ಲಿ ಬೆಳೆಯುವ ಹಾಗೆ ಪಳಗಿಸಿದರು. 2009ರಲ್ಲಿ ಪ್ರಕಟಿಸಿದಂತೆ, ಪಳಗಿದ ತಳಿಯ ಜೀನೋಮಿನಿಂದ ಸುಮಾರು 92,000 ಡಿಎನ್‌ಎ ಅಕ್ಷರಗಳ ತುಂಡೇ ಮಾಯವಾಗಿತ್ತು. ಒಂದು ಕೋಶ ಸುಮ್ನೆ ಸಹಿಸಿಕೊಂಡು ಕೂತದ್ದಲ್ಲ ಇದು. ತಲೆಮಾರುಗಳಲ್ಲಿ ಜೀನೋಮೇ ಬದಲಾಯಿತು.

ಆಲ್ಕೊಹಾಲ್ ಪೂರ್ತಿ ಖಾಲಿಯಾದರೂ ಕಷ್ಟ. ಕೆಲವು ತಳಿಗಳು ಆಗ ತಾವು ಮಾಡಿದ ಆಮ್ಲವನ್ನೇ ಸುಟ್ಟು ನೀರು, ಕಾರ್ಬನ್ ಡೈಆಕ್ಸೈಡ್ ಮಾಡಿಬಿಡುತ್ತವೆ. ಆಮ್ಲ ಏರಿದ ಟ್ಯಾಂಕಿನಲ್ಲಾದರೆ ಸಾಯಲು ಶುರುವಾಗುತ್ತವೆ. ಹಾಗಾಗಿ ಟ್ಯಾಂಕ್ ನೋಡಿಕೊಳ್ಳುವವರು ಚೂರು ಆಲ್ಕೊಹಾಲ್ ಉಳಿದಿರುವಾಗಲೇ ಒಂದು ಪಾಲು ವಿನೆಗರ್ ತೆಗೆದು, ಹೊಸ ದ್ರವವನ್ನು ನಿಧಾನವಾಗಿ ಬಿಡುತ್ತಾರೆ. ಗಾಳಿ ಮಾತ್ರ ನಿಲ್ಲಿಸುವುದಿಲ್ಲ.