ದಡಾರ ಅಂತ ಒಬ್ಬ ತಾಯಿ ಹೇಳಿದ ರಾತ್ರಿ

ಡಿಸೆಂಬರ್ 8, 2025, ಸೋಮವಾರ

ರಾತ್ರಿ ಒಂಬತ್ತೂವರೆ ಇರಬೇಕು. ಮಗ ಆಗಲೇ ಮಲಗಿದ್ದ. ಅವನ ಕ್ಲಾಸಿನ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂತು.

"ನನ್ನ ಮಗಳಿಗೆ ಶನಿವಾರದಿಂದ ಮೈಮೇಲೆ ಕೆಂಪು ದದ್ದು ಎದ್ದಿದೆ. ದಡಾರ ಇರಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ರಕ್ತ ಪರೀಕ್ಷೆಗೆ ಕೊಟ್ಟಿದ್ದೇವೆ, ರಿಪೋರ್ಟ್ ಇನ್ನೂ ಬಂದಿಲ್ಲ. ಮಂಗಳವಾರದಿಂದ ಗುರುವಾರದವರೆಗೆ ಅವಳು ಸ್ಕೂಲಿಗೆ ಬಂದಿದ್ದಳು. ದಯವಿಟ್ಟು ನಿಮ್ಮ ಮಕ್ಕಳ ಮೇಲೆ ಕಣ್ಣಿಟ್ಟಿರಿ."

ನನ್ನ ಮಗ ಕೂರುವುದು ಅದೇ ಹುಡುಗಿಯ ಪಕ್ಕದಲ್ಲಿ.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಆಮೇಲೆ ಶುರುವಾಯಿತು. ನೆಗಡಿ ಇದ್ದಾಗ ಯಾಕೆ ಕಳಿಸಿದ್ರಿ ಅಂತ ಒಬ್ಬರು. ರಿಪೋರ್ಟೇ ಬಂದಿಲ್ಲ, ಸುಮ್ನೆ ಯಾಕೆ ಎಲ್ಲರನ್ನೂ ಹೆದರಿಸ್ತೀರಿ ಅಂತ ಇನ್ನೊಬ್ಬರು. ಮತ್ತೊಬ್ಬರಂತೂ, ಈ ವರ್ಷ ಪೂರ್ತಿ ಅವಳನ್ನು ಬೇರೆ ಸೆಕ್ಷನ್ನಿಗೆ ಹಾಕಲಿ ಅಂದುಬಿಟ್ಟರು. ನಿಜ ಹೇಳ್ತೀನಿ, ನನಗೂ ಮೊದಲು ಬಂದದ್ದು ಸಿಟ್ಟೇ. ಅರ್ಧ ಸಾಲು ಟೈಪ್ ಕೂಡ ಮಾಡಿದ್ದೆ.

ಅಷ್ಟರಲ್ಲಿ ದಿನಗಳ ಲೆಕ್ಕ ತಲೆಗೆ ಬಂತು. ದಡಾರ ಬಂದವರಿಂದ ಅದು ಬೇರೆಯವರಿಗೆ ಹರಡಲು ಶುರುವಾಗುವುದೇ ದದ್ದು ಏಳುವ 4 ದಿನ ಮೊದಲು. ಆಗ ಕಾಣಿಸುವುದು ಜ್ವರ, ನೆಗಡಿ, ಕೆಮ್ಮು, ಕೆಂಪಗಾದ ಕಣ್ಣು, ಅಷ್ಟೇ. ಮೂಗು ಸೋರುವ ಮಗುವನ್ನು ನೋಡಿ ಇದು ದಡಾರ ಅಂತ ಯಾವ ತಾಯಿಗೆ ತಾನೇ ಹೊಳೆಯುತ್ತದೆ? ಮಂಗಳವಾರ ಆ ತಾಯಿಗೂ ಗೊತ್ತಿರಲಿಲ್ಲ. ಅನುಮಾನ ಬಂದ ಮೇಲೆ ರಿಪೋರ್ಟಿಗೂ ಕಾಯದೆ ನಮಗೆಲ್ಲ ಹೇಳಿದ್ದಾರೆ. ನಾನಾಗಿದ್ದರೆ ಹೇಳುತ್ತಿದ್ದೆನಾ?

ಬರೆದದ್ದನ್ನು ಅಳಿಸಿದೆ. "ಹೇಳಿದ್ದು ತುಂಬಾ ಒಳ್ಳೆಯದಾಯಿತು. ಮಗು ಹೇಗಿದ್ದಾಳೆ?" ಅಂತ ಹಾಕಿದೆ.

ಆಮೇಲೆ ಮಗನ ಲಸಿಕೆ ಕಾರ್ಡು ಹುಡುಕಲು ಕೂತೆ. ಬೀರುವಿನ ಕೆಳಗಿನ ಖಾನೆಯಲ್ಲಿ, ಅವನ ಜನನ ಪ್ರಮಾಣಪತ್ರದ ಜೊತೆ ಸಿಕ್ಕಿತು. ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ಸಾಲಾಗಿ ಚೌಕಗಳು, ಒಂದೊಂದು ಚೌಕದಲ್ಲೂ ನೀಲಿ ಇಂಕಿನ ತಾರೀಕು, ಪಕ್ಕದಲ್ಲಿ ಒಂದು ಸಹಿ. ದಡಾರ ಮೊದಲ ಡೋಸ್, ಇದೆ. ಎರಡನೇ ಡೋಸಿನ ಚೌಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ತಾರೀಕು ಮಾತ್ರ ಇತ್ತು. ನಾವು ಬರಬೇಕಾಗಿದ್ದ ದಿನ ಅದು. ಇಂಕು ಇಲ್ಲ, ಸಹಿ ಇಲ್ಲ.

ನೆನಪಾಯಿತು. ಆ ದಿನ ಅವನಿಗೆ ನೆಗಡಿ. ಮುಂದಿನ ವಾರ ಹೋದರಾಯ್ತು ಅಂದುಕೊಂಡಿದ್ದೆ. ಅವನಿಗೀಗ ಆರು ವರ್ಷ.

ಡಿಸೆಂಬರ್ 9, ಮಂಗಳವಾರ

ಬೆಳಿಗ್ಗೆಯೇ ಡಾಕ್ಟರಿಗೆ ಫೋನ್ ಮಾಡಿ ಹೋದೆವು. ಕಾರ್ಡು ನೋಡಿ ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತೇನೋ.

"ಸಣ್ಣಪುಟ್ಟ ನೆಗಡಿಗೆಲ್ಲ ಲಸಿಕೆ ಮುಂದಕ್ಕೆ ಹಾಕಬೇಕಾಗಿಲ್ಲಮ್ಮ" ಅಂದರು. ಒಂದು ಡೋಸ್ ಹಾಕಿಸಿಕೊಂಡ 100 ಮಕ್ಕಳಲ್ಲಿ ಸುಮಾರು 93 ಮಕ್ಕಳಿಗೆ ರಕ್ಷಣೆ ಸಿಗುತ್ತದಂತೆ. ಎರಡಾದರೆ 97. ಎರಡನೇ ಡೋಸ್ ಅಂದರೆ ಮೊದಲನೆಯದಕ್ಕೆ ಇನ್ನಷ್ಟು ಬಲ ಕೊಡುವುದು ಅಂತ ನಾನು ತಿಳಿದಿದ್ದೆ. ಅದರ ಮುಖ್ಯ ಕೆಲಸ ಬೇರೆ. ಮೊದಲ ಸಲ ಮೈ ಸ್ಪಂದಿಸದೇ ಹೋದ ಆ ಏಳು ಮಕ್ಕಳಿಗೆ ಇನ್ನೊಂದು ಅವಕಾಶ ಕೊಡುವುದು. ಆ ಏಳು ಯಾರು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಎಲ್ಲರಿಗೂ ಎರಡು.

"ಸೋಂಕು ತಗುಲುವ ಹಾಗೆ ಹತ್ತಿರ ಇದ್ದ 72 ಗಂಟೆಯೊಳಗೆ ಹಾಕಿದ್ದರೆ ಈ ಸಲದ್ದನ್ನೇ ತಡೆಯಬಹುದಿತ್ತು. ಆ ಹೊತ್ತು ಮೀರಿದೆ. ಆದರೂ ಇವತ್ತೇ ಹಾಕೋಣ. ಮುಂದಕ್ಕೆ ಬೇಕಲ್ವಾ?"

ಹಾಕಿದರು. ಮಗ ಅಳಲಿಲ್ಲ, ನನ್ನ ಕೈಯನ್ನು ಮಾತ್ರ ಗಟ್ಟಿಯಾಗಿ ಹಿಡಿದಿದ್ದ. ಪೆನ್ಸಿಲ್ ತಾರೀಕಿನ ಮೇಲೆಯೇ ಇಂಕಿನಲ್ಲಿ ಇವತ್ತಿನ ತಾರೀಕು ಬಿತ್ತು.

ಮನೆಗೆ ಬಂದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಹೋದ ತಿಂಗಳ ಕೊನೆಯಲ್ಲಿ ಕೊಟ್ಟ ಅಂದಾಜು ಓದಿದೆ. 2024ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 10 ಲಕ್ಷ ಜನರಿಗೆ ದಡಾರ ಬಂದಿದೆ. ಸುಮಾರು 95,000 ಜನ ಸತ್ತಿದ್ದಾರೆ, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಮೊದಲ ಡೋಸ್ ಸಿಕ್ಕಿದ ಮಕ್ಕಳು ಶೇ. 84. ಎರಡನೆಯದೂ ಸಿಕ್ಕಿದವರು ಶೇ. 76. ಹರಡದ ಹಾಗೆ ತಡೆಯಬೇಕಾದರೆ ಎರಡೂ ಡೋಸ್ ಶೇ. 95 ಮಕ್ಕಳಿಗೆ ಆಗಿರಬೇಕು. 84ಕ್ಕೂ 76ಕ್ಕೂ ನಡುವೆ ಬಿಟ್ಟುಹೋದ ಮಕ್ಕಳಿದ್ದಾರಲ್ಲ, ನಿನ್ನೆಯವರೆಗೆ ನನ್ನ ಮಗ ಅಂಥವರಲ್ಲಿ ಒಬ್ಬ. ಲಸಿಕೆ ಸಿಗದ ಜಾಗದಲ್ಲಿ, ಯುದ್ಧದ ನಡುವೆ ತಪ್ಪಿಹೋದ ಮಕ್ಕಳು ಎಷ್ಟೋ ಜನ ಇರುತ್ತಾರೆ. ಇವನಿಗೆ ತಪ್ಪಿದ್ದು ಒಂದು ನೆಗಡಿಗೆ.

ಕೆನಡಾದಂಥ ಶ್ರೀಮಂತ ದೇಶ ಕೂಡ ಹೋದ ತಿಂಗಳು 10ರಂದು "ದಡಾರ ನಿರ್ಮೂಲನೆ ಮಾಡಿದ ದೇಶ" ಅನ್ನುವ ಮಾನ್ಯತೆ ಕಳೆದುಕೊಂಡಿತು. 1998ರಿಂದ ಉಳಿಸಿಕೊಂಡು ಬಂದಿದ್ದ ಮಾನ್ಯತೆ. ಒಂದೇ ತಳಿಯ ವೈರಸ್ ಒಂದು ವರ್ಷಕ್ಕಿಂತ ಜಾಸ್ತಿ ಕಾಲ ಅಲ್ಲಿ ಒಬ್ಬರಿಂದ ಒಬ್ಬರಿಗೆ ಹರಡುತ್ತಲೇ ಇತ್ತು. ಯಾರಿಗೂ ರಕ್ಷಣೆ ಇಲ್ಲದ ಕಡೆ ದಡಾರ ಬಂದ ಒಬ್ಬರಿಂದ 12ರಿಂದ 18 ಜನಕ್ಕೆ ಹರಡಬಹುದು. ಸ್ವಲ್ಪ ಸಂದು ಸಿಕ್ಕರೂ ಸಾಕು ಅದಕ್ಕೆ.

ಡಿಸೆಂಬರ್ 10, ಬುಧವಾರ

ಇವತ್ತು ಎರಡು ಕಡೆ ಹೇಳಬೇಕಿತ್ತು.

ಮೊದಲನೆಯದು ಗ್ರೂಪಿಗೆ. "ನನ್ನ ಮಗನ ಎರಡನೇ ಡೋಸ್ ತಪ್ಪಿಹೋಗಿತ್ತು. ನಿನ್ನೆ ಹಾಕಿಸಿದೆ. ಎಲ್ಲರೂ ಒಮ್ಮೆ ಕಾರ್ಡು ತೆಗೆದು ನೋಡಿ." ಇಷ್ಟು ಬರೆಯಲು ಅರ್ಧ ಗಂಟೆ ಹಿಡಿಯಿತು. ಕಳಿಸುವಾಗ ಮುಖ ಬಿಸಿಯಾಗಿತ್ತು. ಗ್ರೂಪಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಆದರೆ ಸಂಜೆಯೊಳಗೆ ಮೂವರು ನನಗೊಬ್ಬಳಿಗೇ ಬೇರೆ ಬೇರೆಯಾಗಿ ಮೆಸೇಜು ಮಾಡಿದರು. "ನಮ್ಮದೂ ಆಗಿಲ್ಲ, ನಾಳೆ ಹೋಗ್ತೀವಿ." ಸೋಮವಾರ ಎಲ್ಲರಿಗಿಂತ ಜಾಸ್ತಿ ಸಿಟ್ಟಾಗಿದ್ದವರೂ ಆ ಮೂವರಲ್ಲಿ ಒಬ್ಬರು.

ಎರಡನೆಯದು ತಂಗಿಗೆ. ಇದು ಇನ್ನೂ ಕಷ್ಟ. ಶನಿವಾರ ಅವಳು ಮಗು ಕರೆದುಕೊಂಡು ಒಂದು ವಾರ ಇರಲು ಬರುವವಳಿದ್ದಳು. ಮಗುವಿಗೆ ಏಳು ತಿಂಗಳು. ತಾಯಿಯಿಂದ ಬಂದ ರಕ್ಷಣೆ ಈ ವಯಸ್ಸಿಗೆ ಕರಗುತ್ತಾ ಬಂದಿರುತ್ತದೆ. ಲಸಿಕೆಯ ವಯಸ್ಸು ಇನ್ನೂ ಆಗಿಲ್ಲ. ಕೆಲವು ದೇಶಗಳಲ್ಲಿ ಮೊದಲ ಡೋಸ್ ಕೊಡುವುದು 9 ತಿಂಗಳಿಗೆ, ಕೆಲವು ಕಡೆ 12 ತಿಂಗಳಿಗೆ. ನನ್ನ ಮಗನಿಗೇನಾದರೂ ಸೋಂಕು ತಗುಲಿದ್ದರೆ ಅವನಿಂದ ಹರಡಲು ಶುರುವಾಗುವುದೂ ಸರಿಯಾಗಿ ಈ ವಾರದ ಕೊನೆಗೇ.

"ಈ ಸಲ ಬರಬೇಡ ಕಣೇ" ಅಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. "ಅಕ್ಕ, ಅವನು ಚೆನ್ನಾಗೇ ಇದ್ದಾನಲ್ಲ?"

"ಇದ್ದಾನೆ. ಅವನಿಗೆ ಬರುವ ಸಾಧ್ಯತೆ ತುಂಬಾ ಕಮ್ಮಿ ಅಂತ ಡಾಕ್ಟರೂ ಹೇಳಿದ್ದಾರೆ. ಆದರೆ ಆ ಹುಡುಗಿ ಜೊತೆ ಕೊನೆಗೆ ಕೂತದ್ದು 4ನೇ ತಾರೀಕು. ಅಲ್ಲಿಂದ 21 ದಿನ ಕಳೀಲಿ. 25 ದಾಟಲಿ, ಆಮೇಲೆ ಬಾ."

ಅವಳಿಗೆ ಬೇಜಾರಾಯಿತು, ಗೊತ್ತಾಯಿತು. ನನಗೂ ಆಯಿತು. ಫೋನಿಟ್ಟ ಮೇಲೆ, ಹೇಳದೇ ಸುಮ್ಮನಿದ್ದಿದ್ದರೆ ಅನ್ನುವ ಯೋಚನೆ ಒಂದು ಕ್ಷಣವೂ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಡಿಸೆಂಬರ್ 12, ಶುಕ್ರವಾರ

ಹುಡುಗಿಯ ರಿಪೋರ್ಟ್ ನಿನ್ನೆ ಬಂತು. ದಡಾರವೇ. ಜೊತೆಗೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಿದ್ದಾರೆ. ಅವಳ ಅಮ್ಮನಿಗೆ ಫೋನ್ ಮಾಡಿದೆ. ಮಾತಿನ ನಡುವೆ ಅವರೇ ಹೇಳಿದರು, ಅವಳಿಗೂ ಒಂದೇ ಡೋಸ್ ಆಗಿತ್ತಂತೆ. ನನ್ನ ಮಗನ ಹಾಗೇ. ಅವಳು ಆ ಏಳರಲ್ಲಿ ಬಿದ್ದಳು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅದೊಂದೇ.

"ಗ್ರೂಪಿನಲ್ಲಿ ಹೇಳಬಾರದಿತ್ತೇನೋ" ಅಂದರು. ದನಿ ಸಣ್ಣಗಾಗಿತ್ತು. ನನಗೆ ತಡೆಯಲಾಗಲಿಲ್ಲ. ನೀವು ಹೇಳಿದ್ದಕ್ಕೇ ಕ್ಲಾಸಿನಲ್ಲಿ ನಾಲ್ಕು ಮಕ್ಕಳ ಡೋಸ್ ಆಯಿತು, ನನ್ನ ತಂಗಿ ಮಗು ದೂರ ಉಳಿಯಿತು ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಅತ್ತರು.

ಹೇಳಿದವರನ್ನೇ ಹೀಗೆ ಮೂಲೆಗೆ ತಳ್ಳುವುದು ನಮ್ಮ ಗ್ರೂಪಿನಲ್ಲಿ ಮಾತ್ರ ಆಗುವುದಲ್ಲ. 2021ರ ನವೆಂಬರ್ 24ರಂದು ದಕ್ಷಿಣ ಆಫ್ರಿಕಾ ಕೊರೊನಾದ ಹೊಸ ತಳಿಯ ವಿಷಯವನ್ನು ವಿಶ್ವ ಆರೋಗ್ಯ ಸಂಸ್ಥೆಗೆ ತಿಳಿಸಿತು. ಅದಕ್ಕೆ ಆಮೇಲೆ ಒಮಿಕ್ರಾನ್ ಅಂತ ಹೆಸರಾಯಿತು. ಎರಡು ದಿನದೊಳಗೆ ಒಂದೊಂದೇ ದೇಶ ಅಲ್ಲಿಂದ ಬರುವ ವಿಮಾನಗಳನ್ನು ನಿಲ್ಲಿಸಿತು. ನೆದರ್‌ಲ್ಯಾಂಡ್ಸ್‌ನಲ್ಲಿ ನವೆಂಬರ್ 19ರಂದೇ ತೆಗೆದಿದ್ದ ಸ್ಯಾಂಪಲ್ಲಿನಲ್ಲೂ ಅದೇ ತಳಿ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು. ಬೇಗ ಕಂಡುಹಿಡಿದು ಬೇಗ ಹೇಳಿದವರಿಗೆ ಸಿಕ್ಕಿದ್ದು ಮುಚ್ಚಿದ ಬಾಗಿಲು. ಮುಂದಿನ ಸಲ ಯಾವ ದೇಶ ಧೈರ್ಯವಾಗಿ ಹೇಳುತ್ತದೆ? ಅದಕ್ಕೂ ಹಿಂದೆ, 2019ರ ಡಿಸೆಂಬರ್ 30ರಂದು ವುಹಾನಿನ ಕಣ್ಣಿನ ಡಾಕ್ಟರ್ ಲಿ ವೆನ್‌ಲಿಯಾಂಗ್ ಆಮೇಲೆ ಕೊರೊನಾ ಅಂತ ಗೊತ್ತಾದ ಕಾಯಿಲೆಯ ಬಗ್ಗೆ ತನ್ನ ಸಹಪಾಠಿ ಡಾಕ್ಟರುಗಳಿಗೆ ಎಚ್ಚರಿಕೆಯ ಮಾತು ಕಳಿಸಿದ್ದರು. ಪೊಲೀಸರು ಕರೆಸಿ, ಸುಳ್ಳು ಹಬ್ಬಿಸಿದಿರಿ ಅಂತ ಸಹಿ ಹಾಕಿಸಿಕೊಂಡರು. ಐದೇ ವಾರದಲ್ಲಿ ಅದೇ ಕಾಯಿಲೆಯಿಂದ ಅವರು ತೀರಿಕೊಂಡರು. ಮೂವತ್ತೈದೂ ತುಂಬಿರಲಿಲ್ಲ ಅವರಿಗೆ.

ಹೇಳಿದರೆ ಏನಾಗಬಹುದು ಅನ್ನುವುದಕ್ಕೆ ಹೊಸ ಉದಾಹರಣೆಯೂ ಇದೆ. ಕಾಂಗೊದ ಕಸಾಯಿ ಪ್ರಾಂತ್ಯದಲ್ಲಿ ಈ ಸೆಪ್ಟೆಂಬರ್ 4ರಂದು ಎಬೋಲಾ ಬಂದಿದೆ ಅಂತ ಸರ್ಕಾರ ಸಾರಿತು. 64 ಜನರಿಗೆ ಬಂತು, 45 ಜನ ಹೋದರು. ದೊಡ್ಡ ನೋವೇ ಅದು. ಆದರೆ ಮೂರು ತಿಂಗಳೊಳಗೆ, ಇದೇ ಡಿಸೆಂಬರ್ 1ಕ್ಕೆ, ಮುಗಿಯಿತು ಅಂತ ಘೋಷಿಸಿದರು. ಎಬೋಲಾದಲ್ಲಿ ಕಾಯಿಲೆಯವರು ತಾನು ಯಾರ್‍ಯಾರ ಜೊತೆ ಇದ್ದೆ ಅಂತ ಹೆಸರು ಹೇಳಬೇಕು. ಹಾಗೆ ಹೇಳಿದ ಒಬ್ಬೊಬ್ಬರ ಮನೆಗೂ 21 ದಿನ ಹೋಗಿ ಜ್ವರ ನೋಡಬೇಕು. ಕೊನೆಯ ರೋಗಿ ಗುಣವಾದ ಮೇಲೂ 42 ದಿನ ಕಾಯಬೇಕು. ಒಂದೇ ಒಂದು ಹೆಸರನ್ನು ಯಾರಾದರೂ ಹೆದರಿ ನುಂಗಿಕೊಂಡರೆ ಎಣಿಕೆ ಮತ್ತೆ ಮೊದಲಿಂದ. ಲಸಿಕೆಯಷ್ಟೇ ಕೆಲಸ ಮಾಡಿದ್ದು ಆ ಬಾಯಿಬಿಟ್ಟು ಹೇಳಿದ ಹೆಸರುಗಳು ಅಂತ ನನ್ನ ನಂಬಿಕೆ.

ಡಿಸೆಂಬರ್ 17, ಬುಧವಾರ

ಬೆಳಿಗ್ಗೆ ಮಗನ ಹಣೆ ಮುಟ್ಟಿದೆ. ಬಿಸಿ. ಥರ್ಮಾಮೀಟರ್ 101 ತೋರಿಸಿತು. ನನ್ನ ಕೈ ನಡುಗುತ್ತಿತ್ತು.

ಸೀದಾ ಕ್ಲಿನಿಕ್ಕಿಗೆ ಓಡಬೇಕು ಅನ್ನಿಸಿತು. ಓಡಲಿಲ್ಲ, ಫೋನ್ ಮಾಡಿದೆ. ದಡಾರದ ಅನುಮಾನ ಇದ್ದಾಗ ಯಾರೂ ಹಾಗೇ ಹೋಗಿ ಕಾಯುವ ಕೋಣೆಯಲ್ಲಿ ಕೂರಬಾರದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ರೋಗಿ ಎದ್ದುಹೋದ ಮೇಲೂ 2 ಗಂಟೆಯವರೆಗೆ ವೈರಸ್ ಆ ಕೋಣೆಯ ಗಾಳಿಯಲ್ಲಿ ಇರಬಲ್ಲದು. ಆಮೇಲೆ ಯಾರೋ ಬಾಣಂತಿ ಎಳೆಮಗುವಿನ ಜೊತೆ ಅದೇ ಕುರ್ಚಿಯಲ್ಲಿ ಬಂದು ಕೂರಬಹುದು.

"ದದ್ದು ಇದೆಯಾ? ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ ನೋಡಿ" ಅಂದರು. ಮಗನನ್ನು ಕಿಟಕಿ ಹತ್ತಿರ ಕೂರಿಸಿ ಆ ಅನ್ನು ಅಂದೆ. ಮೊಬೈಲ್ ಟಾರ್ಚ್ ಬಿಟ್ಟು, ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿ ನೋಡಿದೆ. ದವಡೆ ಹಲ್ಲಿಗೆ ಎದುರಾಗಿ, ಕೆಂಪು ಜಾಗದ ಮೇಲೆ ಉಪ್ಪಿನ ಹರಳಿನ ಥರ ಬಿಳಿ ಚುಕ್ಕೆ ಇದ್ದರೆ ಅದು ದಡಾರದ ಗುರುತು. ದದ್ದಿಗೂ ಮೊದಲೇ ಕಾಣಿಸುತ್ತದೆ. ಎರಡೂ ಕಡೆ ನೋಡಿದೆ. ಗುಲಾಬಿ ಬಣ್ಣ, ನುಣುಪು. ಏನೂ ಇರಲಿಲ್ಲ. ಸಮಾಧಾನ ಆಗದೆ ಇನ್ನೊಂದು ಸಲ ನೋಡಿದೆ.

"ಲಸಿಕೆ ಹಾಕಿ ಎಂಟು ದಿನ ಆಯ್ತಲ್ಲ, ಅದರ ಜ್ವರವೇ ಇರಬಹುದು. 6ರಿಂದ 12 ದಿನದ ಮಧ್ಯೆ ಕೆಲವು ಮಕ್ಕಳಿಗೆ ಬರುತ್ತೆ. ದದ್ದು ಎದ್ದರೆ ಸ್ಯಾಂಪಲ್ ತೆಗೆದು ಲಸಿಕೆಯದಾ, ನಿಜವಾದ ವೈರಸ್ಸಾ ಅಂತ ಲ್ಯಾಬಿನಲ್ಲಿ ನೋಡಬಹುದು. ಸದ್ಯಕ್ಕೆ ಸ್ಕೂಲು ಬೇಡ, ಮನೆಯಲ್ಲೇ ಇರಲಿ."

ಸ್ಕೂಲಿಗೂ ತಿಳಿಸಿದೆ. ಈ ಸಲ ಮೆಸೇಜು ಬರೆಯಲು ಎರಡೇ ನಿಮಿಷ ಸಾಕಾಯಿತು.

ಡಿಸೆಂಬರ್ 20, ಶನಿವಾರ

ಜ್ವರ ಗುರುವಾರ ರಾತ್ರಿಯೇ ಇಳಿಯಿತು. ದದ್ದು ಇಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅವನ ಕಿವಿಯ ಹಿಂದೆ, ಕೂದಲಂಚಿನಲ್ಲಿ ನೋಡುತ್ತಲೇ ಇದ್ದೇನೆ. ದದ್ದು ಶುರುವಾಗುವುದು ಅಲ್ಲಿಂದಲೇ. "ಅಮ್ಮಾ ಸಾಕು, ಕಚಗುಳಿ ಆಗುತ್ತೆ" ಅನ್ನುತ್ತಾನೆ.

ಡಿಸೆಂಬರ್ 26, ಶುಕ್ರವಾರ

21 ದಿನ ನಿನ್ನೆಗೆ ಮುಗಿಯಿತು. ಕ್ಲಾಸಿನಲ್ಲಿ ಮತ್ಯಾರಿಗೂ ಬರಲಿಲ್ಲ. ಒಂದೂ ಡೋಸ್ ಆಗಿರದ ಇಬ್ಬರು ಮಕ್ಕಳನ್ನು ಸ್ಕೂಲಿನವರು ಅಷ್ಟೂ ದಿನ ಮನೆಯಲ್ಲೇ ಇರಿಸಲು ಹೇಳಿದ್ದರು. ಅವರ ಮನೆಯವರು ಒಪ್ಪಿಕೊಂಡರು. ಅದೂ ಸಣ್ಣ ವಿಷಯ ಏನಲ್ಲ.

ಹುಡುಗಿ ಸೋಮವಾರದಿಂದ ಬರುತ್ತಿದ್ದಾಳೆ. ಅವಳ ಅಮ್ಮ ಇನ್ನೂ ಹೆದರಿಕೊಂಡೇ ಇದ್ದಾರೆ. ದಡಾರ ಹೋಗುವಾಗ ಬೇರೆ ಕಾಯಿಲೆಗಳ ಬಗ್ಗೆ ಮೈ ಇಟ್ಟುಕೊಂಡಿದ್ದ ನೆನಪನ್ನೂ ಅಳಿಸಿ ಹೋಗುತ್ತದೆ. ಮೊದಲೇ ಇದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟು ನಾಶವಾಗಿದ್ದನ್ನು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಅಂದರೆ ಇನ್ನು ಕೆಲವು ತಿಂಗಳು ಸಣ್ಣ ಕೆಮ್ಮಿನವರೂ ಅವಳಿಂದ ಸ್ವಲ್ಪ ದೂರ ಇರಬೇಕು. ಇದನ್ನು ಗ್ರೂಪಿನಲ್ಲಿ ಅವರ ಒಪ್ಪಿಗೆ ಕೇಳಿ ನಾನೇ ಬರೆದೆ. ನೆಗಡಿ ಇರುವ ಮಕ್ಕಳನ್ನು ಕಳಿಸುವುದಿಲ್ಲ ಅಂತ ಹದಿನೈದು ಜನ ಉತ್ತರ ಕೊಟ್ಟಿದ್ದಾರೆ.

ತಂಗಿ ನಾಳೆ ಬರುತ್ತಾಳೆ. ಮಗುವಿಗೆ 9 ತಿಂಗಳು ತುಂಬುವ ದಿನವನ್ನು ಇಬ್ಬರೂ ಮೊಬೈಲಿನಲ್ಲಿ ಹಾಕಿಕೊಂಡಿದ್ದೇವೆ. ಇವತ್ತು ಫೋನ್ ಎತ್ತಿದ ಕೂಡಲೇ ಅವಳು ಕೇಳಿದ್ದು, "ಅಕ್ಕ, ಆ ಹುಡುಗಿ ಹೇಗಿದ್ದಾಳೆ?"

ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ, ಆದರೆ ನಿನ್ನೆ ಆಟದ ಬಯಲಲ್ಲಿ ಓಡುತ್ತಿದ್ದಳಂತೆ ಅಂದೆ.