ಕಿರುಬೆರಳು, ಹನ್ನೊಂದನೇ ಫ್ರೆಟ್ಟು, ಜೀನ್ಸ್ ಹೊಲಿಯೋ ಅಣ್ಣಾರು

ಬಳ್ಳಾರಿಯಾಗ ಗಿಟಾರ್ ಕ್ಲಾಸ್ ನಡೆಸ್ತೀನಿ ಅಂದ್ರ ಮಂದಿ ಮೊದಲು ಕೇಳೋದು "ಅದ್ರಾಗ ಹೊಟ್ಟಿ ತುಂಬತೈತೇನ್ರಿ ಮೇಡಂ" ಅಂತ. ತುಂಬತೈತಿ, ಅಂದ್ರ ಪೂರ್ತಿ ಅಲ್ಲ, ಬೆಳಿಗ್ಗೆ ಒಂದು ಸ್ಕೂಲ್‌ನಾಗ ಮ್ಯೂಸಿಕ್ ಪಿರಿಯಡ್ ತಗೋತೀನಿ, ಸಂಜಿ ಐದರಿಂದ ಒಂಬತ್ತು ನಮ್ಮ ಮನಿ ಮಾಳಿಗಿ ಮ್ಯಾಲಿನ ರೂಮ್‌ನಾಗ ಕ್ಲಾಸು, ಹನ್ನೊಂದು ವರ್ಷ ಆತು ಹಿಂಗೇ ನಡದೈತಿ. ಕಿಟಕಿ ತಗದ್ರ ಕೋಟಿ ಗುಡ್ಡ ಕಾಣತೈತಿ, ಬ್ಯಾಸಿಗಿಯಾಗ ಆ ಬಂಡಿ ಕಾದು ರಾತ್ರಿ ಒಂಬತ್ತಕ್ಕೂ ಶಾಖ ಬಿಡ್ತಿರತೈತಿ. ಬರೋ ಹುಡುಗ್ರು ಹೆಚ್ಚಿನವರು ನಾಲ್ಕು ಕಾರ್ಡ್ (ಮೂರ್ನಾಲ್ಕು ಸ್ವರ ಒಟ್ಟಿಗೆ ಹಿಡಿಯೋದು) ಕಲ್ತು ಸಿನಿಮಾ ಹಾಡಿಗೆ ಜರ ಜರ ಅಂತ ಬಾರಿಸಿ ಖುಷಿಯಾಗಿ ಹೋಗ್ತಾರ. ಅದರಾಗ ಒಬ್ಬಿಬ್ಬರು ಫೋನ್‌ನಾಗ ಯಾವುದೋ ಫಿಂಗರ್‌ಸ್ಟೈಲ್ ವಿಡಿಯೋ ನೋಡಿ ಬಂದು "ಮೇಡಂ, ಒಬ್ಬನೇ ಕುಂತು ರಾಗಾನೂ ಬಾರಿಸ್ತಾನ, ಬೇಸೂ ಬಾರಿಸ್ತಾನ, ಅದ್ಹೆಂಗ್ರಿ" ಅಂತ ಕೇಳ್ತಾರ. ಅವರಿಗೆ ನಾನು ಮೊದಲು ಕೊಡೋದು ಸ್ಪ್ಯಾನಿಷ್ ರೊಮ್ಯಾನ್ಸ್.

ಗಿಟಾರ್ ಹಿಡದವರಿಗೆಲ್ಲ ಗೊತ್ತಿರೋ ಟ್ಯೂನ್ ಅದು. ಬರೆದವರು ಯಾರು ಅಂತ ಇವತ್ತಿಗೂ ಪಕ್ಕಾ ಆಗಿಲ್ಲ, 1952ರ ಒಂದು ಫ್ರೆಂಚ್ ಸಿನಿಮಾಕ್ಕ ನಾರ್ಸಿಸೊ ಯೆಪೆಸ್ ನುಡಿಸಿದ ಮ್ಯಾಲೆ ಲೋಕಕ್ಕೆಲ್ಲ ಮುಟ್ಟಿತು. ಶುರು ಮಾಡೋರಿಗೆ ಇದರ ಹಂಗೆ ಆಸೆ ತೋರಿಸೋ ಟ್ಯೂನ್ ಇನ್ನೊಂದಿಲ್ಲ, ಯಾಕಂದ್ರ ಮೊದಲ ಸಾಲಿನಾಗ ಎಡಗೈಗೆ ಕೆಲಸಾನೇ ಇಲ್ಲ, ಮೊದಲನೇ ತಂತಿ (ಎಲ್ಲಕ್ಕಿಂತ ಕೆಳಗಿನ ತೆಳು ತಂತಿ) ಮ್ಯಾಲೆ ಒಂದೊಂದೇ ಬೆರಳು ಸರಸ್ತಾ ಹೋಗೋದು, ಉಳಿದ ತಂತಿ ಎಲ್ಲ ಖಾಲಿ. ಒಂದೇ ವಾರದಾಗ ಹುಡುಗ್ರು ಮನಿಯಾಗ ಅವ್ವ ಅಪ್ಪಗ ಬಾರಿಸಿ ತೋರಿಸಿ ಬಂದಿರ್ತಾರ. ಅಷ್ಟರಾಗ ಒಂಬತ್ತು, ಹತ್ತನೇ ಮೆಷರ್ (ಬರೆದ ಸಂಗೀತದಾಗ ಎರಡು ಗೆರಿ ನಡುವಿನ ಒಂದೊಂದು ಮನಿ) ಬರತೈತಿ. ಅಲ್ಲಿ ಎಲ್ಲರೂ ಬೀಳ್ತಾರ.

ಏನೈತಿ ಅಲ್ಲಿ ಅಂದ್ರ, ತೋರುಬೆರಳು ಏಳನೇ ಫ್ರೆಟ್ (ಗಿಟಾರಿನ ಕುತ್ತಿಗಿ ಮ್ಯಾಲಿನ ಅಡ್ಡ ಪಟ್ಟಿ) ಮ್ಯಾಲೆ ಪೂರ್ತಿ ಅಡ್ಡ ಮಲಗಿ ಬಾರ್ ಹಿಡೀಬೇಕು, ನಡುಬೆರಳು ಮೂರನೇ ತಂತಿ ಎಂಟನೇ ಫ್ರೆಟ್‌ನಾಗ. ಇಷ್ಟು ಹಿಡಕೊಂಡೇ ರಾಗ ಮೊದಲನೇ ತಂತಿ ಮ್ಯಾಲೆ ಏಳು, ಎಂಟು, ಏಳು ಅಂತ ಹೋಗಿ ಮುಂದಿನ ಮೆಷರ್‌ನಾಗ ಒಮ್ಮೆಲೆ ಹನ್ನೊಂದಕ್ಕ ಹಾರತೈತಿ, ಅದನ್ನ ಹಿಡಿಯೋಕೆ ಉಳಿದಿರೋದು ಪಾಪದ ಕಿರುಬೆರಳು. ಆ ಹನ್ನೊಂದನೇ ಫ್ರೆಟ್‌ನ ಡಿ ಶಾರ್ಪ್ ಸ್ವರ ಬಂದಾಗ ಒಂದೋ ತಂತಿ ಗರ್ ಅನ್ನತೈತಿ, ಇಲ್ಲಾ ಬಾರ್ ಸಡಿಲಾಗಿ ಬೇಸ್ ಸಾಯ್ತೈತಿ, ಇಲ್ಲಾ ಹುಡುಗ ಅಲ್ಲೇ ನಿಂತು ಬೆರಳನ್ನ ಬಲಗೈಲೆ ಎತ್ತಿ ಇಟ್ಟುಕೊಂಡು ಮತ್ತೆ ಮುಂದ ಹೋಗ್ತಾನ (ನಾನೂ ಒಂದು ಕಾಲಕ್ಕ ಹಂಗೇ ಮಾಡ್ತಿದ್ದೆ, ಸುಳ್ಳ್ಯಾಕ ಹೇಳ್ಲಿ).

ಇದಕ್ಕ ನಾನು ಒಂಬತ್ತು ವರ್ಷ ಹೇಳಿಕೊಂಡು ಬಂದಿದ್ದು ಒಂದೇ ಮಾತು, "ಚಾಚು, ಇನ್ನೂ ಚಾಚು, ದಿನಾ ಚಾಚಿದ್ರ ಬರ್ತೈತಿ". ನನಗ ಕಲಿಸಿದವರೂ ಹಂಗೇ ಹೇಳಿದ್ರು, ನನಗ ಬಂದಿತ್ತು, ಅದಕ್ಕ ಎಲ್ಲರಿಗೂ ಬರ್ತೈತಿ ಅನಕೊಂಡಿದ್ದೆ. ಪಿಯುಸಿ ಓದೋ ಒಬ್ಬ ಹುಡುಗ ಇದ್ದ, ಭಾಳ ಹಟ, ನಾನು ಅರ್ಧ ಗಂಟಿ ಅಂದ್ರ ಅವ ಮನಿಯಾಗ ಎರಡು ತಾಸು ಆ ಒಂದೇ ಮೆಷರ್ ಬಡೀತಿದ್ದ. ಮೂರನೇ ವಾರ ಮಣಿಕಟ್ಟಿಗೆ ಬಟ್ಟಿ ಸುತ್ತಿಕೊಂಡು ಬಂದ, ಕಿರುಬೆರಳಿನ ಬುಡದಿಂದ ಮೊಳಕೈ ತನಕ ನೋವು, ಪೆನ್ ಹಿಡಿಯೋಕಾಗವಲ್ದು, ಪರೀಕ್ಷೆ ಬೇರೆ ಹತ್ರ. ಅವರಪ್ಪ ಜೋರು ಮಾಡಲಿಲ್ಲ, ಬಾಗಿಲಾಗ ನಿಂತು "ಮೇಡಂ, ಹಾಡು ಕಲೀಲಿ ಅಂತ ಕಳ್ಸಿದ್ವಿ" ಅಂದ್ರು ಅಷ್ಟೇ. ಹುಡುಗ ಮತ್ತೆ ಬರಲಿಲ್ಲ. ಆಗ ನಾನು ಮನಸ್ಸಿನಾಗ ಅಂದ್ಕೊಂಡಿದ್ದು ಇವನ ಕೈ ಸಣ್ಣದು, ಅದಕ್ಕ ಹಿಂಗಾತು ಅಂತ. ಈಗ ನೆನಸಿದ್ರ ನಾಚಿಕಿ ಆಗ್ತೈತಿ.

ಆಮ್ಯಾಲೆ ಎರಡು ವರ್ಷದ ಹಿಂದ ಒಬ್ಬರು ಅಣ್ಣಾರು ಬಂದ್ರು. ನಲವತ್ತರ ಮ್ಯಾಲೆ ವಯಸ್ಸು, ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಾಗ ಮೆಷಿನ್ ಮ್ಯಾಲೆ ಕೂಡ್ತಾರ, ಪೀಸ್ ಲೆಕ್ಕದ ಕೆಲಸ, ಶನಿವಾರ ಸಂಜಿ ಪಗಾರ ತಗೊಂಡು ಸೀದಾ ಕ್ಲಾಸಿಗೆ. ಉಗುರಿನ ಸುತ್ತ ನೀಲಿ ಬಣ್ಣ, ಎಷ್ಟು ತೊಳದ್ರೂ ಹೋಗಂಗಿಲ್ಲಂತ. ಯಾರದೋ ಫೋನ್‌ನಾಗ ಈ ಟ್ಯೂನ್ ರಿಂಗ್‌ಟೋನ್ ಆಗಿ ಕೇಳಿದ್ರಂತ, ಇದೊಂದು ಬಂದ್ರ ಸಾಕು ಮೇಡಂ ಬ್ಯಾರೆ ಏನೂ ಬ್ಯಾಡ ಅಂದ್ರು. ಕೈ ನೋಡಿದೆ, ದಪ್ಪ ಬೆರಳು, ಗಿಡ್ಡ. ಆ ಹುಡುಗನ ಕೈಗಿಂತ ಗಿಡ್ಡ. ನನಗ ಒಳಗೇ ಪುಕಪುಕ ಶುರು.

ಅವರು ತಂದಿದ್ದ ಗಿಟಾರೂ ಅಷ್ಟಕ್ಕಷ್ಟೇ. ಸೆಕೆಂಡ್ ಹ್ಯಾಂಡ್ ನೈಲಾನ್ ತಂತಿದು, ತಗಡಿನ ಶೆಡ್‌ನಾಗ ಗ್ವಾಡಿಗೆ ಆನಿಸಿ ಇಟ್ಟಿದ್ರು. ಏಪ್ರಿಲ್, ಮೇನಾಗ 40 ಡಿಗ್ರಿ ದಾಟೋ ಊರಾಗ ತಗಡಿನ ಕೆಳಗ ಇಟ್ಟ ಗಿಟಾರಿನ ಕುತ್ತಿಗಿ ಬಾಗದೆ ಇನ್ನೇನಾಗ್ತೈತಿ, ಸ್ಕೇಲ್ ಇಟ್ಟು ನೋಡಿದ್ರ ಹನ್ನೆರಡನೇ ಫ್ರೆಟ್ ಹತ್ರ ತಂತಿ 5 ಮಿಲಿಮೀಟರ್ ಮ್ಯಾಲೆ ಎದ್ದಿತ್ತು. ನೈಲಾನ್ ಗಿಟಾರಿಗೆ 3ರಿಂದ 4 ಇದ್ರ ಸರಿ. ಇಂಥದ್ರ ಮ್ಯಾಲೆ ಬಾರ್ ಹಿಡಿ ಅಂದ್ರ ಪೈಲ್ವಾನನೂ ಬೆವರ್ತಾನ. ಕೆಳಗ ತಂತಿ ಕಟ್ಟೋ ಬ್ರಿಜ್‌ನಾಗಿನ ಬಿಳಿ ಪಟ್ಟಿ ತಗದು ಅಡಿಯಿಂದ ಉಜ್ಜಿ ಇಳಿಸಿಕೊಟ್ಟೆ, ಅದಕ್ಕೇ ಒಂದು ಸಂಜಿ ಹೋತು. ನಿಮ್ಮ ಹತ್ರ ಯಾರಾದ್ರೂ ಬಾರ್ ಬರವಲ್ದು ಅಂತ ಅತ್ರ ಬೆರಳು ನೋಡೋಕಿಂತ ಮೊದಲು ಗಿಟಾರ್ ನೋಡ್ರಿ.

ಸರಿ, ಒಂಬತ್ತನೇ ಮೆಷರ್ ಬಂತು. ನಾನು ಅದೇ ಹಳೇ ಮಂತ್ರ, "ಚಾಚ್ರಿ ಅಣ್ಣಾರ". ಅವರು ಎರಡು ಸಲ ನೋಡಿದ್ರು, ಕಿರುಬೆರಳು ಹತ್ತನೇ ಫ್ರೆಟ್ಟೂ ಮುಟ್ಟಲಿಲ್ಲ. ಮೂರನೇ ಸಲ ಗಿಟಾರ್ ತೊಡಿ ಮ್ಯಾಲೆ ಅಡ್ಡ ಮಲಗಿಸಿ ಸುಮ್ಮನ ಕುಂತು ಎಡಗೈ ಒಂದನ್ನೇ ನೋಡೋಕೆ ಶುರು ಮಾಡಿದ್ರು. ಆಮ್ಯಾಲೆ ಕೇಳಿದ್ರು.

"ಮೇಡಂ, ಈ ನಡುಬೆರಳು ಮುಂದಿನ ಮನಿಗೂ ಇಲ್ಲೇ ಇರ್ತೈತ್ರೇನು?"

"ಹೂಂ ರಿ, ಅದು ಎರಡೂ ಮೆಷರ್ ಅಲ್ಲೇ."

"ಹಂಗಾದ್ರ ಇದು ಸೂಜಿ ಆತಲ್ರೀ."

ನನಗ ತಿಳೀಲಿಲ್ಲ. ಅವರು ಕೈಯಾಗ ಮಾಡಿ ತೋರಿಸಿದ್ರು. ಜೀನ್ಸಿನ ಹಿಂದಿನ ಜೇಬು ಹಚ್ಚೋವಾಗ ಮೂಲಿ ಬರತೈತಲ್ಲ, ಅಲ್ಲಿ ಬಟ್ಟಿ ಎಳದು ತಿರುಗಿಸಿದ್ರ ಹೊಲಿಗಿ ಸೊಟ್ಟಗಾಗ್ತೈತಿ, ಇಲ್ಲಾ ಸೂಜಿ ಮುರೀತೈತಿ. ಸೂಜಿ ಬಟ್ಟಿಯೊಳಗ ಇಳದಿರಬೇಕು, ಇಳದಿರೋವಾಗಲೇ ಬಟ್ಟಿ ಒತ್ತಿ ಹಿಡಿಯೋ ಮೆಷಿನ್ ಪಾದ ಎತ್ತಬೇಕು, ಸೂಜಿ ಸುತ್ತ ಬಟ್ಟಿ ತಿರುಗಿಸಬೇಕು, ಪಾದ ಇಳಿಸಬೇಕು, ಮುಂದ ಹೊಲೀಬೇಕು. "ನೀವು ಎಳೀರಿ ಅಂತೀರಿ, ಇದು ಎಳಿಯೋದಲ್ರಿ, ತಿರುಗಿಸೋದು" ಅಂದು ನಡುಬೆರಳು ಅಲ್ಲೇ ಒತ್ತಿಟ್ಟು ಮೊಳಕೈ ಸ್ವಲ್ಪ ಹೊಟ್ಟಿ ಕಡೆ ತಂದು ಹೆಬ್ಬೆರಳನ್ನ ಕುತ್ತಿಗಿ ಹಿಂದ ಕೆಳಗ ಜಾರಿಸಿದ್ರು. ಅಂಗೈ ಪೂರ್ತಿ ತಿರುಗಿತು. ಕಿರುಬೆರಳು ತಾನಾಗೇ ಹನ್ನೊಂದರ ಹತ್ರ ಬಂದು ನಿಂತಿತ್ತು. ಇನ್ನೂ ಒಂದು ಕಾಳಿನಷ್ಟು ಕಮ್ಮಿ, ಸ್ವರ ಗರ್ ಅಂತಾನೇ ಬಂತು, ಆದ್ರ ಬಂತು.

ಇದಕ್ಕ ಪುಸ್ತಕದಾಗ ಹೆಸರೈತಿ, ಪಿವಟ್ ಫಿಂಗರ್. ನಾನು ಹುಡುಗ್ರಿಗೆ ಬೋರ್ಡ್ ಮ್ಯಾಲೆ ಬರದು ಕೊಟ್ಟೀನಿ, ಒಂದು ಬೆರಳು ಇದ್ದಲ್ಲೇ ಇಟ್ಟು ಉಳಿದವನ್ನ ಬದಲಿಸೋದು ಅಂತ. ಆದ್ರ ನನಗ ಅದು ಕಾರ್ಡ್ ಬದಲಿಸೋವಾಗಿನ ಉಪಾಯ ಅಷ್ಟೇ ಆಗಿತ್ತು. ಇಲ್ಲಿ ಕಾರ್ಡ್ ಬದಲೇ ಆಗಂಗಿಲ್ಲಲ್ಲ, ಅದಕ್ಕ ತಲಿಗೆ ಹೊಳದೇ ಇರಲಿಲ್ಲ.

ಅವತ್ತು ಎಲ್ಲರೂ ಹೋದ ಮ್ಯಾಲೆ ಆ ಎರಡು ಮೆಷರ್ ಮುಂದಿಟ್ಟುಕೊಂಡು ಹತ್ತೂವರೆ ತನಕ ಕುಂತೆ, ನಡುವ ಕರೆಂಟೂ ಹೋತು, ಫೋನ್ ಟಾರ್ಚ್‌ನಾಗ ನೋಡಿದೆ. ಒಂಬತ್ತನೇ ಮೆಷರ್‌ನ ಕೊನೇ ತಾಳಕ್ಕ ರಾಗ ಇರೋದು ಏಳನೇ ಫ್ರೆಟ್‌ನಾಗ, ಅಂದ್ರ ಬಾರ್ ಹಿಡದ ತೋರುಬೆರಳೇ ಆ ಸ್ವರ ಕೊಡತೈತಿ, ಆ ಹೊತ್ತಿಗೆ ಉಂಗುರ ಬೆರಳೂ ಖಾಲಿ, ಕಿರುಬೆರಳೂ ಖಾಲಿ. ಒಂದು ತಾಳಕ್ಕ ಮೂರು ಸ್ವರ ಇರ್ತಾವು, ಅಷ್ಟು ಪೂರ್ತಿ ಹೊತ್ತು ಕಿರುಬೆರಳಿಗೆ ಪ್ರಯಾಣ ಮಾಡೋಕೆ ಸಿಗತೈತಿ. ನಾವೆಲ್ಲ ಏನು ಮಾಡ್ತಿದ್ವಿ, ಆ ಮೂರು ಸ್ವರ ಮುಗಿಯೋ ತನಕ ಕಾದು ಆಮ್ಯಾಲೆ ಹಾರ್ತಿದ್ವಿ. ಬಸ್ ಬಂದು ನಿಂತ ಮ್ಯಾಲೆ ಮನಿಯಾಗ ಚಪ್ಪಲಿ ಹುಡುಕಿದಂಗ. ಮಾರನೇ ಶನಿವಾರ ಅಣ್ಣಾರಿಗೆ ಇದನ್ನ ಹೇಳಿದ್ರ ಅವರಿಗೇನೂ ಆಶ್ಚರ್ಯ ಆಗಲಿಲ್ಲ, "ಮೂಲಿ ಬರೋ ಮೊದಲೇ ಎಡಗೈ ಅಲ್ಲಿರಬೇಕಲ್ರಿ" ಅಂದ್ರು.

ಇನ್ನೊಂದು, ಬಾರ್ ಅಂದ ಕೂಡ್ಲೇ ಆರೂ ತಂತಿ ಗಟ್ಟಿ ಒತ್ತಬೇಕು ಅನ್ನೋ ಭ್ರಮೆ. ಇಲ್ಲಿ ಏಳನೇ ಫ್ರೆಟ್‌ನಾಗ ನಿಜವಾಗಿ ಕೇಳಬೇಕಾದದ್ದು ಆರನೇ ತಂತಿ ಬೇಸು, ಎರಡನೇದು, ಮೊದಲನೇದು. ಮೂರನೇದನ್ನ ನಡುಬೆರಳು ನೋಡಿಕೊಳ್ತೈತಿ, ನಾಲ್ಕು ಐದನ್ನ ಮುಟ್ಟೋದೇ ಇಲ್ಲ. ಹಂಗಾಗಿ ತೋರುಬೆರಳಿನ ನಡುವಿನ ಭಾಗ ಕಮಾನಿನಂಗ ಸ್ವಲ್ಪ ಎದ್ದಿದ್ರೂ ನಡೀತೈತಿ, ತುದಿ ಮತ್ತ ಬುಡ ಒತ್ತಿದ್ರ ಸಾಕು. ಅದಕ್ಕಿಂತ ಹಿಂದಿನ ಎರಡು ಮೆಷರ್ ಐದನೇ ಫ್ರೆಟ್‌ನಾಗ ಅದಾವಲ್ಲ, ಅಲ್ಲಿ ಬೇಸು ಐದನೇ ತಂತಿ ಖಾಲಿ ಬಾರಿಸೋದು, ಕೆಳಗಿನ ಮೂರು ತಂತಿಗೆ ಅರ್ಧ ಬಾರ್ ಸಾಕೇ ಸಾಕು. ಅಲ್ಲೇ ಪೂರ್ತಿ ಬಾರ್ ಹಾಕಿ ಹಿಂಡಿ ಹಿಂಡಿ ಕೈ ಸುಸ್ತು ಮಾಡಿಕೊಂಡು ಏಳಕ್ಕ ಬರ್ತಿದ್ವಿ. ಬೀಳೋದು ಹತ್ತನೇ ಮೆಷರ್‌ನಾಗ, ಎಡವೋದು ಏಳನೇದ್ರಾಗ!

ಅಭ್ಯಾಸ ಮಾಡಿಸೋ ಜಾಗಾನೂ ಬದಲಿಸಿದೆ. ಫ್ರೆಟ್ಟುಗಳು ಮ್ಯಾಲೆ ಹೋದಂಗ ಸಣ್ಣ ಆಗ್ತಾವು, ಗೊತ್ತಿರೋದೇ. ಆದ್ರ ಲೆಕ್ಕ ಹಾಕಿ ನೋಡಿರಲಿಲ್ಲ. ತಂತಿ ಉದ್ದ 65 ಸೆಂಟಿಮೀಟರ್ ಇರೋ ಗಿಟಾರ್‌ನಾಗ ಒಂದನೇ ಫ್ರೆಟ್‌ನಿಂದ ಐದಕ್ಕ 12 ಸೆಂಟಿಮೀಟರ್ ಮ್ಯಾಲೆ, ಏಳರಿಂದ ಹನ್ನೊಂದಕ್ಕ ಸುಮಾರು 9, ಎಂಟರಿಂದ ಹನ್ನೆರಡಕ್ಕ ಸುಮಾರು 8.5... ಅಂದ್ರ ಅರ್ಧ ಸೆಂಟಿಮೀಟರ್ ಉಳೀತೈತಿ. ಅರ್ಧ ಸೆಂಟಿಮೀಟರ್ ಏನು ಮಹಾ ಅನ್ನಬ್ಯಾಡ್ರಿ, ಅಣ್ಣಾರಿಗೆ ಕಮ್ಮಿ ಬಿದ್ದಿದ್ದೇ ಅಷ್ಟು. ಅದೇ ಹಿಡಿತ ಎಂಟನೇ ಫ್ರೆಟ್‌ನಾಗ ಹಿಡಿಸಿ, ಸ್ವರ ಬ್ಯಾರೆ ಆದ್ರೂ ಆಗಲಿ ಅಂತ, ಒಂದು ವಾರ ಅಲ್ಲೇ ಆಡಿಸಿದೆ, ಆಮ್ಯಾಲೆ ಏಳಕ್ಕ ಇಳಿಸಿದೆ. ದಿನಕ್ಕ ಹತ್ತು ನಿಮಿಷ ಅಷ್ಟೇ, ನೋವಾದ್ರ ಗಿಟಾರ್ ಕೆಳಗಿಡೋದು. ಇದೊಂದು ನಿಯಮ ಈಗ ನನ್ನ ಕ್ಲಾಸ್‌ನಾಗ ಎಲ್ಲಕ್ಕಿಂತ ಮ್ಯಾಲೆ.

ಉಂಗುರ ಬೆರಳಿಂದೂ ಒಂದು ತಕರಾರಿತ್ತು. ನೀವೇ ಮಾಡಿ ನೋಡ್ರಿ, ಅಂಗೈ ಟೇಬಲ್ ಮ್ಯಾಲೆ ಬೋರಲು ಇಟ್ಟು ನಡುಬೆರಳು ಒಂದನ್ನೇ ಒಳಗ ಮಡಚ್ರಿ, ಈಗ ಉಂಗುರ ಬೆರಳು ಎತ್ರಿ. ಏಳಂಗಿಲ್ಲ. ಆ ಬೆರಳುಗಳ ಸ್ನಾಯುರಜ್ಜು ಒಂದಕ್ಕೊಂದು ಗಂಟು ಬಿದ್ದಂಗ ಅದಾವು, ಹಟ ಮಾಡಿದ್ರ ಬಿಚ್ಚೋವಲ್ಲ. ಹಂಗಾಗಿ ಕಿರುಬೆರಳು ಹೋಗೋವಾಗ ರಾಗದ ಎಂಟನೇ ಫ್ರೆಟ್ ಹಿಡಿದಿದ್ದ ಉಂಗುರ ಬೆರಳನ್ನ ಅಲ್ಲೇ ಒತ್ತಿ ಹಿಡಿದ್ರ ಅದು ಇದನ್ನ ಹಿಂದಕ್ಕ ಜಗ್ಗತೈತಿ. ಬಿಟ್ಟುಬಿಡಬೇಕು, ಅದೂ ಕಿರುಬೆರಳ ಬೆನ್ನ ಹಿಂದ ಹೋಗಲಿ. ಬಲಗೈ ಬಗ್ಗೆ ಜಾಸ್ತಿ ಹೇಳಂಗಿಲ್ಲ, ಹೆಬ್ಬೆರಳು ಬೇಸಿಗೆ, ಉಂಗುರ ಬೆರಳು ರಾಗಕ್ಕ, ರಾಗ ಒಂದು ಚೂರು ಜೋರಾಗಿ ಕೇಳಬೇಕು ಅಷ್ಟೇ, ಅದು ಅಣ್ಣಾರಿಗೆ ಒಂದು ತಿಂಗಳಿಗೇ ಕೂತಿತ್ತು.

ಒಟ್ಟು ನಾಲ್ಕು ತಿಂಗಳು ಹಿಡೀತು ಆ ಎರಡು ಮೆಷರ್. ಮಳಿಗಾಲದಾಗ ಒಂದು ಶನಿವಾರ ಕೆಳಗಿಂದ ಒಗ್ಗರಣಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ರು, ತಿನ್ನೋಕೆ ಮೊದಲೇ ಬಾರಿಸ್ತೀನಿ, ಎಣ್ಣಿ ಕೈ ಆದ್ರ ನೀವು ಬೈತೀರಿ ಅಂದು ಕುಂತ್ರು. ಏಳನೇ ಫ್ರೆಟ್ಟಿಗೆ ಬಂದಾಗ ನಾನು ಅವರ ಬೆರಳು ನೋಡಲಿಲ್ಲ, ಮೊಳಕೈ ನೋಡಿದೆ. ಸ್ವರಕ್ಕಿಂತ ಮೊದಲು ಅದು ಒಳಗ ಬಂತು. ಡಿ ಶಾರ್ಪ್ ಗಂಟಿ ಹೊಡದಂಗ ಬಂತು. ಅವರು ನಿಲ್ಲಲೇ ಇಲ್ಲ, ಬಂದಿದ್ದು ಗೊತ್ತೇ ಇಲ್ಲದವರಂಗ ಮುಂದ ಹೋದ್ರು, ಆಮ್ಯಾಲೆ ಸುಲಭದ ಜಾಗದಾಗ ತಪ್ಪಿದ್ರು.

ಆ ಪಿಯುಸಿ ಹುಡುಗನ ಅಪ್ಪನ ನಂಬರ್ ಇನ್ನೂ ನನ್ನ ಫೋನ್‌ನಾಗೈತಿ. ಎರಡು ಸಲ ಮೆಸೇಜ್ ಬರದು ಅಳಿಸೀನಿ, ಏನಂತ ಬರೀಲಿ, ನಿಮ್ಮ ಮಗನ ಕೈ ಸರಿಯಿತ್ತು, ನಾನು ಹೇಳಿಕೊಟ್ಟಿದ್ದೇ ತಪ್ಪಿತ್ತು ಅಂತಲೇ?

ಕ್ಲಾಸ್‌ನಾಗ ಹಂಚೋ ಜೆರಾಕ್ಸ್‌ನಾಗ ಆ ಮೆಷರ್‌ನ ನಡುಬೆರಳಿನ ಎರಡು ಅನ್ನೋ ನಂಬರಿಗೆ ಸುತ್ತು ಹಾಕಿ ಪಕ್ಕಕ್ಕ ಪೆನ್ಸಿಲ್‌ಲೆ "ಸೂಜಿ" ಅಂತ ಬರದೀನಿ, ಜೆರಾಕ್ಸಿನ ಜೆರಾಕ್ಸ್ ಆಗಿ ಈಗ ಎಲ್ಲರ ಹಾಳಿ ಮ್ಯಾಲೂ ಅದೇ ಐತಿ. ಹೋದ ವಾರ ಹೊಸ ಹುಡುಗಿ ಒಬ್ಬಾಕಿ ಅದನ್ನ ಓದಿ "ಮೇಡಂ, ಸೂಜಿ ಅಂದ್ರ ಯಾವ ಕಾರ್ಡ್ ರೀ" ಅಂದ್ಳು. ಶನಿವಾರ ಬಾರವ್ವ, ಅಣ್ಣಾರು ಬರ್ತಾರ, ಅವರನ್ನೇ ಕೇಳು ಅಂದೆ.